ಲಾಡಿ ಇಲ್ಲದ ಕುಲಾವಿ ನಿಲ್ಲೋದಿಲ್ಲ ಅಂದವರಿಗೆ

ಗದ್ದಕ್ಕೆ ಕಟ್ಟುವ ಲಾಡಿ ಇಲ್ಲದೆ ಕುಲಾವಿ ಕೂಸಿನ ತಲೆ ಮೇಲೆ ನಿಲ್ಲೋದಿಲ್ಲ ಅಂತ ನಮ್ಮ ಕಡೆ ಹೊಲಿಗೆ ಮಾಡುವವರೆಲ್ಲ ಹೇಳಿದ್ದರು. ನಮ್ಮ ಅತ್ತೆಯಂತೂ ನಾನು ಲಾಡಿ ಇಲ್ಲದೆ ಹೊಲಿದ ಮೊದಲನೇದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದೇನವ್ವಾ, ಬಟ್ಟಲಾ ಬೋರಲ ಹಾಕಿದಂಗ ಐತಿ" ಅಂದಿದ್ದರು. ಈಗ ಎರಡು ಚಳಿಗಾಲದಿಂದ ನನ್ನ ಕೈಯಿಂದ ಲಾಡಿ ಇರುವ ಕುಲಾವಿ ಒಂದೂ ಹೋಗಿಲ್ಲ. ಸೀಸನ್‌ನಲ್ಲಿ ತಿಂಗಳಿಗೆ 60-70 ಹೋಗುತ್ತವೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮೂರು ತುಂಡಿನ ಕಟಿಂಗ್ (ನಡುವೆ ಒಂದು ಪಟ್ಟಿ, ಪಕ್ಕಕ್ಕೆ ಎರಡು ತುಂಡು), ಓವರ್‌ಲಾಕ್ (ಅಂಚಿನ ಎಳೆ ಬಿಚ್ಚದಂತೆ ಹಾಕುವ ಹೊಲಿಗೆ) ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ. ಅದನ್ನು ಹೇಳಲು ಹೋಗಲ್ಲ.

ಲಾಡಿ ಯಾಕೆ ಬಿಟ್ಟೆ? ಕೂಸು ಜೊಲ್ಲು ಸುರಿಸುತ್ತದೆ, ಹಾಲು ಕಕ್ಕುತ್ತದೆ. ಅದೆಲ್ಲ ಇಳಿಯೋದು ಗದ್ದದ ಕೆಳಗಿನ ಗಂಟಿಗೆ. ಗಂಟು ಒದ್ದೆ ಇದ್ದಲ್ಲಿ ಚರ್ಮ ಕೆಂಪಾಗುತ್ತದೆ. ಇದು ಸಣ್ಣ ತೊಂದರೆ. ದೊಡ್ಡದು ಏನಂದರೆ, ಕುಲಾವಿ ಹಿಂದಕ್ಕೆ ಜಾರಿದಾಗ ಲಾಡಿ ಗದ್ದ ಬಿಟ್ಟು ಕುತ್ತಿಗೆಗೆ ಬಂದು ಕೂಡುತ್ತದೆ. ನನ್ನ ಅಕ್ಕನ ಮಗಳು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಇದ್ದಾಳೆ. ಯುರೋಪಿಗೆ ಹೋಗುವ ಮಾಲಿನಲ್ಲಿ 7 ವರ್ಷದೊಳಗಿನ ಮಕ್ಕಳ ಬಟ್ಟೆಗೆ ತಲೆ, ಕುತ್ತಿಗೆ ಭಾಗದಲ್ಲಿ ಎಳೆಯುವ ಲಾಡಿ ಇರಲೇಬಾರದು, ಒಂದು ಕಂಡರೂ ವಾಪಸ್ ಅಂತ ಅವಳೇ ಹೇಳಿದ್ದು. ಅಲ್ಲಿನ ಕೂಸಿಗೆ ಬೇಡವಾದದ್ದು ಇಲ್ಲಿನ ಕೂಸಿಗೆ ಯಾಕೆ ಅನ್ನಿಸಿತು.

ಮೊದಲು ಎಲಾಸ್ಟಿಕ್ ಹಾಕಿದೆ. ಎಲ್ಲರೂ ಅಲ್ಲಿಂದಲೇ ಶುರು ಮಾಡೋದು. ಹಾಕಿದ ಅರ್ಧ ತಾಸಿಗೆ ಹಣೆಯ ಮೇಲೆ ಕೆಂಪು ಗೆರೆ. ಸಡಿಲ ಮಾಡಿದರೆ ಕಣ್ಣಿನ ಮೇಲೆ ಜಾರುತ್ತದೆ. ಆಮೇಲೆ ವೆಲ್ಕ್ರೋ. ಹೊಸದರಲ್ಲಿ ಚೆನ್ನಾಗಿತ್ತು. ನಾಲ್ಕು ಸಲ ಒಗೆದ ಮೇಲೆ ಅದರಲ್ಲಿ ಕೂದಲು, ನೂಲು, ಹಾಸಿಗೆಯ ಹತ್ತಿ ಎಲ್ಲ ಸೇರಿ ಹಿಡಿತವೇ ಹೋಯಿತು. ಅದರ ಒರಟು ಬದಿ ಕೂಸಿನ ಕತ್ತನ್ನೂ ಕೆರೆಯಿತು. ಮೂರನೆಯದು ಪ್ಲಾಸ್ಟಿಕ್ ಟಿಚ್ ಬಟನ್. ಒತ್ತುವ ಇಕ್ಕಳಕ್ಕೇ 600-700 ರೂಪಾಯಿ ಕೊಟ್ಟೆ. ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ, ಕುತ್ತಿಗೆಗೆ ಬಿಗಿಯೋದಿಲ್ಲ ಅಂತ ನನ್ನ ಲೆಕ್ಕ. ಆದರೆ ಬನಿಯನ್ ಬಟ್ಟೆ ಬಟನ್ನಿನ ಸುತ್ತ ಹಿಗ್ಗಿ ತೂತು ಬಿತ್ತು, ಒಂದು ಬಟನ್ ಪೂರ್ತಿ ಕಿತ್ತು ಬಂತು. ಕಿತ್ತು ಬಂದ ಬಟನ್ ಎಲ್ಲಿಗೆ ಹೋಗುತ್ತದೆ ಹೇಳಿ, ಕೂಸಿನ ಬಾಯಿಗೇ ಅಲ್ವಾ? ಅವತ್ತೇ ಇಕ್ಕಳ ಅಟ್ಟ ಸೇರಿತು. ಬಟ್ಟೆ, ನೂಲು, ವಾಪಸ್ ಕೊಟ್ಟ ಹಣ ಎಲ್ಲ ಸೇರಿ ಆ ವರ್ಷ 6 ಸಾವಿರದ ಹತ್ತಿರ ಹತ್ತಿರ ಹೋಯಿತು. "ಲಾಡಿ ಹಚ್ಚಿದ್ರ ಎರಡ ರೂಪಾಯಿದಾಗ ಮುಗೀತಿತ್ತಲ್ಲ" ಅಂತ ಮನೆಯವರು ಈಗಲೂ ಆಡಿಕೊಳ್ಳುತ್ತಾರೆ.

ದಾರಿ ಸಿಕ್ಕಿದ್ದು ತಲೆಯ ಹಿಂಭಾಗದಲ್ಲಿ. ಎಣ್ಣೆ ಹಚ್ಚುವಾಗ ಕೂಸಿನ ಹಿಂದಲೆ ಸವರಿ ನೋಡಿ. ಒಂದು ಉಬ್ಬು ಸಿಗುತ್ತದೆ, ಅದರ ಕೆಳಗೆ ಕತ್ತು ಸೇರುವಲ್ಲಿ ಒಂದು ತಗ್ಗು. ಅಂಗಡಿ ಟೊಪ್ಪಿಗೆಗಳ ಅಂಚು ಉಬ್ಬಿನ ಮೇಲೇ ನಿಲ್ಲುತ್ತದೆ. ಅದಕ್ಕೇ ಅವು ಮೇಲಕ್ಕೆ ಏರಿ ಏರಿ ಕಡೆಗೆ ಕಳಚಿ ಬೀಳುತ್ತವೆ. ಅಂಚು ಆ ತಗ್ಗಿನಲ್ಲಿ ಕೂತರೆ ಕುಲಾವಿ ಎಲ್ಲಿಗೂ ಹೋಗೋದಿಲ್ಲ. ಹಾಗಾಗಿ ನಡುವಿನ ಪಟ್ಟಿಯನ್ನು ಹಿಂದೆ ಮುಕ್ಕಾಲು ಇಂಚು ಇಳಿಸಿದೆ. ಪಕ್ಕದ ತುಂಡುಗಳನ್ನು ಕಿವಿಯ ಹಾಲೆ ಮುಚ್ಚುವಷ್ಟು ಇಳಿಸಿದೆ. ಹಣೆ, ಕಿವಿ, ಕತ್ತು ಸೇರಿ ಒಂದೇ ಸುತ್ತು ರಿಬ್ ಪಟ್ಟಿ, ಅಂದರೆ ಗೆರೆ ಗೆರೆಯಾಗಿ ಹೆಣೆದ, ಹಿಗ್ಗುವ ಬಟ್ಟೆಯ ಪಟ್ಟಿ. ಎಲಾಸ್ಟಿಕ್ ಇಲ್ಲ, ಲೈಕ್ರಾ ಬೆರೆತ ಕಾಟನ್ ರಿಬ್ ಅಷ್ಟೇ. 16 ಇಂಚಿನ ಸುತ್ತಿಗೆ ಪಟ್ಟಿ ಸುಮಾರು 13 ಮುಕ್ಕಾಲು ಇಂಚು. ಹಣೆಯ ಮೇಲೆ ಮಾತ್ರ ಪಟ್ಟಿ ಎಳೆದು ಹಚ್ಚಲೇಬಾರದು, ಸುಮ್ನೆ ಕೂರಬೇಕು. ಉಳಿದ ಎಳೆತವನ್ನು ಎಲ್ಲಿ ಎಷ್ಟು ಹಂಚುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ನನ್ನ ಹೊಟ್ಟೆಪಾಡು. ನಾಲ್ಕು ಕುಲಾವಿ ಕೆಡಿಸಿದರೆ ನಿಮಗೇ ಗೊತ್ತಾಗುತ್ತದೆ.

ಅಳತೆಗೆ ತಿಂಗಳ ಲೆಕ್ಕ ನಂಬಬೇಡಿ, ಟೇಪ್ ಹಿಡಿಯಿರಿ. ಹುಟ್ಟಿದಾಗ ತಲೆಯ ಸುತ್ತು 13-14 ಇಂಚು, ಮೂರು ತಿಂಗಳಿಗೆ 15-16, ವರ್ಷಕ್ಕೆ 17-18. ಮೊದಲ ಮೂರು ತಿಂಗಳಲ್ಲೇ ಎರಡು ಇಂಚು ಬೆಳೆಯುತ್ತದೆ. "ಸ್ವಲ್ಪ ದೊಡ್ಡದೇ ಕೊಡ್ರಿ, ವರ್ಷಪೂರ್ತಿ ಬರ್ಲಿ" ಅನ್ನುವವರಿಗೆ ನಾನು ಕೊಡೋದಿಲ್ಲ. ದೊಡ್ಡ ಕುಲಾವಿ ಮೂಗಿನ ಮೇಲೆ ಜಾರುತ್ತದೆ, ಕೂಸಿಗೆ ಅದನ್ನು ಸರಿಸಲು ಬರೋದಿಲ್ಲ. ಬೇಕಾದರೆ ಸಣ್ಣದು, ದೊಡ್ಡದು ಎರಡೂ ತಗೊಳ್ಳಿ, 20 ರೂಪಾಯಿ ಬಿಡುತ್ತೇನೆ ಅನ್ನುತ್ತೇನೆ. ವ್ಯಾಪಾರವೂ ಆಯಿತು.

ಇನ್ನು ಬಟ್ಟೆ. ಇಂಟರ್‌ಲಾಕ್ ಹೊಸೈರಿ (ಬನಿಯನ್ ಥರದ ಹೆಣೆದ ಬಟ್ಟೆ) ಕಿಲೋಗೆ 350ರಿಂದ 400ರ ಒಳಗೆ ಸಿಗುತ್ತಿತ್ತು. ಎರಡು ಪದರದ ಕುಲಾವಿ ಕಿಲೋಗೆ 25ರ ಮೇಲೆ ಬರುತ್ತವೆ. ಒಬ್ಬ ವ್ಯಾಪಾರಿ ಅಪ್ಪಟ ಕಾಟನ್ ಅಂತ ಆಣೆ ಮಾಡಿ ಎಂಟು ಕಿಲೋ ಕೊಟ್ಟ. ಮನೆಗೆ ಬಂದು ಎಳೆ ಬಿಚ್ಚಿ ದೀಪಕ್ಕೆ ಹಿಡಿದೆ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಬೇಕು. ಇದು ಕರಗಿ ತುದಿಯಲ್ಲಿ ಕಪ್ಪು ಗುಂಡು ಕಟ್ಟಿತು, ಪಾಲಿಯೆಸ್ಟರ್! ಆತ ವಾಪಸ್ ತಗೊಳ್ಳಲಿಲ್ಲ. ಅದರಲ್ಲಿ ಕೈಚೀಲದ ಒಳಪದರ ಹೊಲಿದು ಮುಗಿಸಿದೆ. ಈಗ ಬೆಂಕಿಪೊಟ್ಟಣ ಇಟ್ಟುಕೊಂಡೇ ಅಂಗಡಿ ಹತ್ತುತ್ತೇನೆ. ಕತ್ತರಿಸುವ ಮೊದಲು ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ ಒಣಗಿಸಲೇಬೇಕು, ಇಲ್ಲಾಂದರೆ ಮೊದಲ ಒಗೆತಕ್ಕೇ ಅರ್ಧ ಇಂಚು ಹೋಗುತ್ತದೆ.

ಕೂಸು ದಿನವಿಡೀ ಬೆನ್ನ ಮೇಲೆ ಮಲಗಿರುತ್ತದೆ. ಓವರ್‌ಲಾಕ್ ಅಂಚು ಒಳಗೆ ಬಂದರೆ ಮೆತ್ತನೆ ತಲೆಗೆ ಒತ್ತುತ್ತದೆ. ಅದಕ್ಕೆ ಹೊಲಿಗೆಯ ಉಬ್ಬನ್ನೆಲ್ಲ ಎರಡು ಪದರದ ನಡುವೆ ಹೂತುಬಿಡುತ್ತೇನೆ. ಒಂದೇ ಪದರದ್ದಾದರೆ ಉಬ್ಬು ಹೊರಗೆ. ನೋಡಲು ಉಲ್ಟಾ ಹಾಕಿದ ಹಾಗೆ ಕಾಣುತ್ತದೆ, ಕಾಣಲಿ. ಲೇಬಲ್ ಹಚ್ಚೋದಿಲ್ಲ. ನನ್ನ ಪರೀಕ್ಷೆ ಇಷ್ಟೇ: ಹಾಕಿದ ಮೇಲೆ ಅಂಚಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಅರ್ಧ ತಾಸಿನ ಮೇಲೆ ತೆಗೆದರೆ ಹಣೆಯಲ್ಲಿ ಗೆರೆ ಇರಬಾರದು. ತೊಡೆಯ ಮೇಲೆ ಮಲಗಿಸಿ ಎಡಕ್ಕೆ ಬಲಕ್ಕೆ ಹೊರಳಿಸಿದರೆ ಕಣ್ಣು ಮುಚ್ಚಬಾರದು. ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಈ ಪರೀಕ್ಷೆಗೆ ತಲೆ ಕೊಟ್ಟಿವೆ.

ಕುಂಚಿಗೆಯದು, ಅಂದರೆ ತಲೆಯಿಂದ ಬೆನ್ನಿಗೆ ಇಳಿಯುವ ಕೂಸಿನ ಟೊಪ್ಪಿಗೆಯದು, ಬೇರೆಯೇ ಕಥೆ. ತೊಟ್ಟಿಲ ಕಾರ್ಯಕ್ಕೆ ತವರಿನವರು ತರುವ ಕುಂಚಿಗೆಗೆ ಕುಪ್ಪಸದ ಖಣದ ಬಟ್ಟೆಯೇ ಬೇಕು, ಅದೂ ಗುಳೇದಗುಡ್ಡದ್ದು. ಅದನ್ನು ಬೇಡ ಅನ್ನೋಕೆ ನಾನ್ಯಾರು? ಆದರೆ ಖಣ ಸೀದಾ ಚರ್ಮಕ್ಕೆ ತಾಗಿದರೆ ಚುಚ್ಚುತ್ತದೆ. ಒಳಗೆ ಮಲ್ ಬಟ್ಟೆಯ (ತೆಳು ಮೆತ್ತನೆ ಹತ್ತಿ) ಅಸ್ತರು ಕಡ್ಡಾಯ. ಖಣದ ಕೆಂಪು, ಹಸಿರು ಬಣ್ಣ ಬಿಡುತ್ತದೋ ಅಂತ ಒದ್ದೆ ಬಿಳಿ ಬಟ್ಟೆ ಇಟ್ಟು ಉಜ್ಜಿ ನೋಡುತ್ತೇನೆ, ಯಾಕಂದರೆ ಕೂಸು ಅಂಚನ್ನು ಚೀಪದೆ ಬಿಡೋದಿಲ್ಲ. ಕನ್ನಡಿ, ಮಣಿ, ಟಿಕ್ಲಿ, ನೆತ್ತಿಯ ಗೊಂಡೆ ಯಾವುದೂ ಇಲ್ಲ. ಅವುಗಳ ಬದಲು ಕಸೂತಿ. ಅದರ ಗವಂತಿ, ಮುರಗಿ ಅನ್ನುವ ಎರಡು ಹೊಲಿಗೆಗೂ ಗಂಟು ಹಾಕುವ ರೂಢಿಯೇ ಇಲ್ಲ, ಹಿಂದೆ ಮುಂದೆ ಒಂದೇ ಥರ ಕಾಣುತ್ತವೆ. ಕೂಸಿನ ತಲೆಗೆ ಒತ್ತುವ ಗಂಟೇ ಇಲ್ಲದ ಅಲಂಕಾರ ನಮ್ಮ ಧಾರವಾಡದ ಕಡೆಯೇ ಇರುವಾಗ ಬಂಗಾರ ಬಣ್ಣದ ಪ್ಲಾಸ್ಟಿಕ್ ಯಾಕೆ ಹಚ್ಚುತ್ತಾರೋ. ನೆತ್ತಿಯ ಮೇಲೆ ಒಂದು ಸಣ್ಣ ಗೋಪುರದ ಚಿತ್ತಾರ, ಅಂಚಿಗೆ ಒಂದು ಸಾಲು ತುಳಸಿಕಟ್ಟೆಯದು. ಇಷ್ಟಕ್ಕೇ ಎರಡು ಸಂಜೆ ಬೇಕು. 450 ತಗೊಳ್ಳುತ್ತಿದ್ದೆ, ಈಗ 600. ಕುಂಚಿಗೆ ಕಾರ್ಯದ ಹೊತ್ತಿಗೆ, ಫೋಟೋಕ್ಕೆ ಅಷ್ಟೇ, ಮಲಗಿಸುವಾಗ ತೆಗೆಯಿರಿ ಅಂತ ಹೇಳಿಯೇ ಕೊಡುತ್ತೇನೆ.

ನಡುವೆ ಬಿಸಿಲಿಗೆ ನೆರಳು ಕೊಡುವ ಅಗಲ ಅಂಚಿನ ಟೊಪ್ಪಿಗೆಯನ್ನೂ ಹೊಲಿದು ನೋಡಿದೆ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ. ಸುತ್ತಲೂ ಅಂಚು ಕೊಟ್ಟರೆ, ಕೂಸನ್ನು ಹೆಗಲಿಗೆ ಹಾಕಿಕೊಂಡಾಗ ಹಿಂದಿನ ಅಂಚು ಮಡಚಿ ಟೊಪ್ಪಿಗೆಯನ್ನೇ ಮುಂದಕ್ಕೆ ತಳ್ಳುತ್ತದೆ. ಮುಂದೆ, ಪಕ್ಕದಲ್ಲಿ ಮಾತ್ರ ಮೆತ್ತನೆ ಅಂಚು, ಹಿಂದೆ ಬರೀ ಇಳಿಬಿಟ್ಟ ಬಟ್ಟೆ ಕೊಟ್ಟ ಮೇಲೆ ಸರಿಹೋಯಿತು. ಒಳ್ಳೆಯ ಬಟ್ಟೆ ಯಾವುದು ಅಂತ ಕೇಳಿದರೆ, ಹತ್ತಾರು ವರ್ಷ ಒಗೆದ ಹಳೆ ಪಂಚೆ. ಹುಟ್ಟಿದ ಕೂಸಿಗೆ ಹಳೆ ಬಟ್ಟೆ ತೊಡಿಸುವ ಪದ್ಧತಿ ಸುಮ್ನೆ ಬಂದಿಲ್ಲ. ಅಜ್ಜನ ಪಂಚೆ ತಂದುಕೊಟ್ಟರೆ ಮಜೂರಿ ಮಾತ್ರ ತಗೊಂಡು ಹೊಲಿದುಕೊಡುತ್ತೇನೆ. ಉಣ್ಣೆಯದನ್ನು ಮುಟ್ಟಲು ಹೋಗಿಲ್ಲ. ನಮ್ಮ ಚಳಿಗೆ ಎರಡು ಪದರದ ಹತ್ತಿಯೇ ಜಾಸ್ತಿ.

ಪ್ರತಿ ಪೊಟ್ಟಣದಲ್ಲಿ ಒಂದು ಚೀಟಿ ಇಡುತ್ತೇನೆ: ಮನೆಯೊಳಗೆ ಮಲಗಿಸುವಾಗ ಕುಲಾವಿ ತೆಗೆಯಿರಿ. ಮೈ ಹೊದ್ದು ಮಲಗಿದ ಕೂಸು ಕಾವನ್ನು ಹೊರಹಾಕೋದರಲ್ಲಿ ತಲೆಯ ಪಾಲು ದೊಡ್ಡದು. ಮುಚ್ಚಿದರೆ ಕಾವು ಏರುತ್ತದೆ, ಜಾರಿದರೆ ಮೂಗು ಮುಚ್ಚುತ್ತದೆ. ಹುಟ್ಟಿದ ಮೊದಲ ಕೆಲವು ತಾಸು ಮತ್ತು ಆಸ್ಪತ್ರೆಯ ಎಳೆಗೂಸುಗಳ ವಾರ್ಡು ಬಿಟ್ಟರೆ ಮನೆಯೊಳಗೆ ಟೊಪ್ಪಿಗೆ ಬೇಡ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲೇ ಹೇಳಿದೆ. ತಿಂಗಳು ತುಂಬುವ ಮುಂಚೆ ಹುಟ್ಟಿದ, ತೂಕ ಕಡಿಮೆ ಇರುವ ಕೂಸಾದರೆ ನಿಮ್ಮ ಡಾಕ್ಟರು ಹೇಳಿದಂತೆ ಮಾಡಿ. ಈ ಚೀಟಿಗೆ ಅಜ್ಜಿಯರಿಂದ ಬೈಸಿಕೊಂಡಿದ್ದೇನೆ. "ಕುಲಾವಿ ಮಾರಾಕಿ ನೀನ, ಹಾಕಬ್ಯಾಡ ಅನ್ನಾಕಿನೂ ನೀನ?" ಅಂತ ಒಬ್ಬರು ಕೇಳಿದರು. ಕೂಸಿನ ಕತ್ತಿನ ಹಿಂದೆ ಕೈ ಇಟ್ಟು ನೋಡ್ರಿ ಅಜ್ಜಿ, ಬೆವರಿದ್ದರೆ ತೆಗೀರಿ, ಅದರ ಅಂಗೈ ಮಾತ್ರ ತಣ್ಣಗಿದ್ದರೆ ಚಿಂತೆ ಮಾಡಬೇಡಿ ಅಂದೆ. ಎಣ್ಣೆ ಎರೆದ ದಿನ ನೆತ್ತಿ ಪೂರ್ತಿ ಒಣಗುವ ತನಕ ಹಾಕಬೇಡಿ ಅಂತಲೂ ಚೀಟಿಯಲ್ಲಿದೆ. ಹರಳೆಣ್ಣೆಯ ಕಲೆ ಹೋಗದೆ ವಾಪಸ್ ತಂದವರು ಎಷ್ಟೋ ಜನ.

ದರ ಈಗ ಒಂದಕ್ಕೆ 110. ಬಟ್ಟೆ, ರಿಬ್, ನೂಲು, ಕರೆಂಟು ಸೇರಿ ನನಗೆ ಬೀಳೋದು 30ರ ಆಸುಪಾಸು, ಉಳಿದದ್ದು ಮಜೂರಿ. ಒಂದು ಅಂಗಡಿಯವರು 200 ಕುಲಾವಿ ಬೇಕು, ಒಂದಕ್ಕೆ 55 ಕೊಡುತ್ತೇವೆ, ಮೇಲೆ ಗೊಂಡೆ ಇರಲಿ ಅಂದರು. ಗೊಂಡೆಯೂ ಇಲ್ಲ, 55ಕ್ಕೂ ಇಲ್ಲ ಅಂದೆ.

ಇನ್ನೂ ಗೆಲ್ಲದ ಕೆಲಸ ಒಂದಿದೆ. ಹತ್ತು ತಿಂಗಳು ದಾಟಿದ ಮಕ್ಕಳು ಕೈ ಎತ್ತಿ ಕುಲಾವಿಯನ್ನು ತಾವೇ ಕಿತ್ತು ಎಸೆಯುತ್ತಾರೆ. ರಿಬ್ ಬಿಗಿ ಮಾಡಿದರೆ ಗೆರೆ ಬೀಳುತ್ತದೆ, ಲಾಡಿಗೆ ನಾನು ಒಪ್ಪೋದಿಲ್ಲ. ಆ ಸೈಜಿಗೆ ಸದ್ಯ ಆರ್ಡರ್ ತಗೊಳ್ಳುತ್ತಿಲ್ಲ.