ಮ್ಯಾಶಪ್ ಹಾಡು ಚಾರ್ಟ್ ಏರಿದಾಗ ಸಂಭ್ರಮಿಸುವ ಬಗೆ: ‘ಕೋಲ್ಡ್ ಹಾರ್ಟ್’ ಅಭಿಮಾನಿಗಳಿಗೊಂದು ಕೈಪಿಡಿ

2021ರ ಅಕ್ಟೋಬರ್ 15 ವಿಜಯದಶಮಿಯ ದಿನ. ಬೆಂಗಳೂರಿನಲ್ಲಿ ರಾತ್ರಿ ಕರ್ಫ್ಯೂ ಇನ್ನೂ ತೆರವಾಗಿರಲಿಲ್ಲವಾದ್ದರಿಂದ ನಮ್ಮ ಬಳಗದ ಏಳು ಮಂದಿ, ಬನ್ನಿ ಕೊಡಲು ಬಂದವರೆಲ್ಲ ಹೊರಟ ಮೇಲೆ, ತಂತಮ್ಮ ಮನೆಗಳಲ್ಲೇ ಕುಳಿತು ವಿಡಿಯೊ ಕರೆಯಲ್ಲಿ ಸೇರಿಕೊಂಡಿದ್ದೆವು. ಬ್ರಿಟನ್ನಿನಲ್ಲಿ ಆಗಿನ್ನೂ ಶುಕ್ರವಾರದ ಸಂಜೆ. ನಮ್ಮಲ್ಲಿ ರಾತ್ರಿ ಹತ್ತು ದಾಟಿತ್ತು. ಬ್ರಿಟನ್ನಿನ ಗಾಯಕರಾದ ಎಲ್ಟನ್ ಜಾನ್ ಮತ್ತು ದುವಾ ಲೀಪಾ ಹಾಡಿದ, ಆಸ್ಟ್ರೇಲಿಯಾದ ಪ್ನಾವ್ ತಂಡ ಹೆಣೆದ ‘ಕೋಲ್ಡ್ ಹಾರ್ಟ್’ ಬ್ರಿಟನ್ನಿನ ಸಿಂಗಲ್ಸ್ ಚಾರ್ಟ್‌ನಲ್ಲಿ, ಅಂದರೆ ವಾರವಾರದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ, ಮೊದಲ ಸ್ಥಾನಕ್ಕೆ ಬಂದಿದೆ ಎಂಬ ಸುದ್ದಿ ಬಂದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಆ ದಿನದ ನೆನಪನ್ನು ನಾವು ಅಂದಿನಿಂದಲೂ ಆಚರಿಸಿಕೊಂಡು ಬಂದಿದ್ದೇವೆ. ಹಾಗೆ ಆಚರಿಸುತ್ತ, ಕೆಲವು ತಪ್ಪುಗಳನ್ನೂ ಮಾಡುತ್ತ, ಕಲಿತುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ. ನಿಮ್ಮ ಮೆಚ್ಚಿನ ಮ್ಯಾಶಪ್ ಬೇರೆಯದೇ ಆಗಿದ್ದರೂ ಈ ಕ್ರಮ ನಿಮ್ಮ ಕೆಲಸಕ್ಕೆ ಬರುತ್ತದೆ.

ಆಚರಣೆಗೆ ಮುನ್ನ, ಆಚರಿಸುತ್ತಿರುವುದು ಏನನ್ನು ಎಂಬುದು ಬಳಗದ ಎಲ್ಲರಿಗೂ ತಿಳಿದಿರಬೇಕು. ಒಂದೇ ಹಾಡನ್ನು ಹೊಸ ತಾಳ ಮತ್ತು ಹೊಸ ವಾದ್ಯಗಳಲ್ಲಿ ಮರಳಿ ಕಟ್ಟಿದರೆ ಅದು ರೀಮಿಕ್ಸ್. ಎರಡು ಅಥವಾ ಹೆಚ್ಚು ಹಾಡುಗಳ ಭಾಗಗಳನ್ನು ಒಂದೇ ಶ್ರುತಿಗೂ ಒಂದೇ ವೇಗಕ್ಕೂ ತಂದು ಬೆಸೆದರೆ ಅದು ಮ್ಯಾಶಪ್. ‘ಕೋಲ್ಡ್ ಹಾರ್ಟ್’ನ ಹೆಸರಿನ ಮುಂದೆ ರೀಮಿಕ್ಸ್ ಎಂದೇ ಇದ್ದರೂ ಅದರೊಳಗೆ ಎಲ್ಟನ್ ಅವರ ನಾಲ್ಕು ಹಳೆಯ ಹಾಡುಗಳಿವೆ. 1972ರ ‘ರಾಕೆಟ್ ಮ್ಯಾನ್’, 1976ರ ‘ವೇರ್ಸ್ ದ ಶೂರಾ’, 1983ರ ‘ಕಿಸ್ ದ ಬ್ರೈಡ್’ ಮತ್ತು 1989ರ ‘ಸ್ಯಾಕ್ರಿಫೈಸ್’ ಇಲ್ಲಿ ಒಟ್ಟಿಗೆ ಸೇರಿವೆ. ಆದ್ದರಿಂದ ಇದರ ಗೆಲುವೆಂದರೆ ನಾಲ್ಕು ಹಾಡುಗಳು ಒಟ್ಟಾಗಿ ಕಂಡ ಗೆಲುವು. ಮುಂದೆ ಹೇಳುವ ಸಿದ್ಧತೆಗಳೆಲ್ಲ ಹೊರಡುವುದು ಈ ತಿಳಿವಳಿಕೆಯಿಂದಲೇ.

ಇನ್ನು ಸುದ್ದಿಯನ್ನು ಖಚಿತಪಡಿಸಿಕೊಳ್ಳುವ ಕೆಲಸ. ‘ನಂಬರ್ ಒನ್’ ಎಂದು ಯಾರಾದರೂ ಬರೆದ ಕೂಡಲೇ ಕುಣಿಯಬಾರದು. ಯಾವ ದೇಶದ, ಯಾವ ಚಾರ್ಟ್‌ನಲ್ಲಿ, ಯಾವ ವಾರಕ್ಕೆ ಎಂದು ಕೇಳಬೇಕು. ಬ್ರಿಟನ್ನಿನ ಅಧಿಕೃತ ಚಾರ್ಟ್‌ನ ವಾರ ಶುಕ್ರವಾರ ಆರಂಭವಾಗಿ ಗುರುವಾರ ಮುಗಿಯುತ್ತದೆ, ಮತ್ತು 2015ರ ಜುಲೈನಿಂದ ಅದರ ಫಲಿತಾಂಶ ಬಿಬಿಸಿ ರೇಡಿಯೊ 1ರಲ್ಲಿ ಶುಕ್ರವಾರ ಸಂಜೆ ಪ್ರಕಟವಾಗುತ್ತಿದೆ. ಆ ಚಾರ್ಟ್ ಲೆಕ್ಕ ಹಾಕುವುದು ಮಾರಾಟವನ್ನೂ ಸ್ಟ್ರೀಮಿಂಗನ್ನೂ (ಅಂತರ್ಜಾಲದ ಸೇವೆಗಳಲ್ಲಿ ಹಾಡು ಕೇಳುವುದನ್ನು) ಮಾತ್ರ. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಇವೆರಡರ ಜೊತೆಗೆ ರೇಡಿಯೊ ಪ್ರಸಾರವನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಹೀಗಾಗಿ ಒಂದೇ ಹಾಡು ಎರಡು ಕಡೆ ಎರಡು ಸ್ಥಾನಗಳಲ್ಲಿರುವುದು ಸಹಜ. ‘ಕೋಲ್ಡ್ ಹಾರ್ಟ್’ ಬ್ರಿಟನ್ನಿನಲ್ಲೂ ಆಸ್ಟ್ರೇಲಿಯಾದಲ್ಲೂ ಮೊದಲ ಸ್ಥಾನ ತಲುಪಿತು, ಅಮೆರಿಕದಲ್ಲಿ ಏಳನೆಯ ಸ್ಥಾನದವರೆಗೆ ಬಂದಿತು. ಏಳನೆಯ ಸ್ಥಾನವನ್ನೂ ಸಂತೋಷದಿಂದ ಹೇಳಿಕೊಳ್ಳಬಹುದು, ಅದನ್ನು ಒಂದನೆಯದೆಂದು ಹಿಗ್ಗಿಸುವ ಅಗತ್ಯವಿಲ್ಲ.

ಹಾಡು ಇನ್ನೂ ಏರುತ್ತಿರುವಾಗ ಅದಕ್ಕೆ ಬೆಂಬಲ ಕೊಡಬೇಕೆನ್ನುವವರು ಒಂದು ಮಾತನ್ನು ಗಮನಿಸಬೇಕು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತು ನಾವು ಎಷ್ಟು ಬಾರಿ ಕೇಳಿದರೂ ಅದು ಬ್ರಿಟನ್ನಿನ ಚಾರ್ಟ್‌ಗೆ ಸೇರುವುದಿಲ್ಲ. ಅಲ್ಲಿರುವವರು ಕೇಳಿದ್ದು, ಅಲ್ಲಿ ಕೊಂಡದ್ದು ಮಾತ್ರ ಸೇರುತ್ತದೆ. ಅಲ್ಲಿಯೂ ಹಣ ಕೊಟ್ಟ ಚಂದಾದಾರರು 100 ಬಾರಿ ಕೇಳಿದರೆ ಒಂದು ಮಾರಾಟಕ್ಕೆ ಸಮ, ಜಾಹೀರಾತಿನೊಂದಿಗೆ ಬರುವ ಉಚಿತ ಸೇವೆಯಲ್ಲಾದರೆ 600 ಬಾರಿ ಕೇಳಬೇಕು. ಮೂವತ್ತು ಸೆಕೆಂಡಿಗಿಂತ ಕಡಿಮೆ ಕೇಳಿದ್ದು ಲೆಕ್ಕಕ್ಕಿಲ್ಲ, ಒಬ್ಬರು ಒಂದು ಹಾಡನ್ನು ದಿನವಿಡೀ ಮತ್ತೆ ಮತ್ತೆ ಹಾಕಿದರೂ ಹತ್ತಕ್ಕಿಂತ ಹೆಚ್ಚು ಎಣಿಸುವುದಿಲ್ಲ. ಲಂಡನ್ನಿನಲ್ಲಿರುವ ಅಕ್ಕನಿಗೋ ಭಾವನಿಗೋ ಹಾಡನ್ನು ಕಳಿಸಿ, ಇಷ್ಟವಾದರೆ ಕೊಂಡುಕೊಳ್ಳಿ ಎಂದು ಹೇಳುವುದು ನೇರವಾದ ದಾರಿ. ಬೇರೆ ದೇಶದಲ್ಲಿರುವಂತೆ ತೋರಿಸುವ ತಂತ್ರಾಂಶ ಬಳಸಿ ಲೆಕ್ಕ ಏರಿಸಲು ಹೊರಡುವುದು ಹಾಡಿಗೆ ಮಾಡುವ ಅವಮಾನವೆಂದೇ ನಾನು ತಿಳಿಯುತ್ತೇನೆ. ‘ಕೋಲ್ಡ್ ಹಾರ್ಟ್’ ಆಗಸ್ಟ್ 13ರಂದು ಬಿಡುಗಡೆಯಾಗಿ, ಎರಡು ತಿಂಗಳು ಮೆಲ್ಲಮೆಲ್ಲನೆ ಏರಿ, ಎಡ್ ಶೀರನ್ ಅವರ ‘ಶಿವರ್ಸ್’ ಹಾಡನ್ನು ಕೆಳಗಿಳಿಸಿ ಮೇಲೆ ಬಂದಿತು. ಆ ನಿಧಾನದ ಏರಿಕೆಯಲ್ಲೇ ಅದರ ಘನತೆಯಿದೆ.

ಈಗ ಕೂಟದ ವಿಷಯಕ್ಕೆ ಬರೋಣ. ಫಲಿತಾಂಶ ಬರುವ ರಾತ್ರಿಯೇ ಸೇರುವುದಾದರೆ ಸಮಯವನ್ನು ಸರಿಯಾಗಿ ಲೆಕ್ಕ ಹಾಕಿಕೊಳ್ಳಿ. ಬೇಸಿಗೆಯ ಗಡಿಯಾರ ಜಾರಿಯಲ್ಲಿರುವಾಗ ಬ್ರಿಟನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ಐದೂವರೆ ಗಂಟೆ. ಹೇಗೆ ನೋಡಿದರೂ ನಮ್ಮಲ್ಲಿ ರಾತ್ರಿ ಹತ್ತರ ಮೇಲಾಗಿರುತ್ತದೆ, ಮತ್ತು ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಇದನ್ನು ನಾವು ಮರೆತಿದ್ದೆವು. ಮೊದಲ ವಾರ್ಷಿಕೋತ್ಸವದ ದಿನ, ಸುದ್ದಿ ಬಂದ ಗಳಿಗೆಗೇ ಹಾಡು ಹಾಕಬೇಕೆಂಬ ಹಂಬಲದಲ್ಲಿ, ಹತ್ತೂಕಾಲಕ್ಕೆ ತಾರಸಿಯ ಮೇಲೆ ದೊಡ್ಡ ಸ್ಪೀಕರ್ ಇಟ್ಟೆವು. ಎರಡನೆಯ ಹಾಡು ಮುಗಿಯುವ ಮೊದಲೇ ಪಕ್ಕದ ಮನೆಯ ಹಿರಿಯರು ಮೆಟ್ಟಿಲು ಹತ್ತಿ ಬಂದು, ಮನೆಯಲ್ಲಿ ಹಸುಗೂಸಿದೆಯಪ್ಪಾ, ಸ್ವಲ್ಪ ನೋಡಿ, ಎಂದು ಮೆಲುದನಿಯಲ್ಲಿ ಹೇಳಿ ಹೋದರು. ಅವರು ಬೈದಿದ್ದರೆ ಮರೆಯುತ್ತಿದ್ದೆವೇನೋ, ಆ ಮೆಲುದನಿಯನ್ನು ಮರೆಯಲಾಗಲಿಲ್ಲ. ಅಂದಿನಿಂದ ತಾರಸಿಯ ಕೂಟವನ್ನು ಸಂಜೆ ಏಳಕ್ಕೆ ಆರಂಭಿಸಿ ಒಂಬತ್ತೂವರೆಗೆ ಮುಗಿಸುತ್ತೇವೆ. ಹತ್ತರ ಮೇಲೆ ಏನಿದ್ದರೂ ಬಾಗಿಲು ಕಿಟಕಿ ಮುಚ್ಚಿದ ಕೋಣೆಯೊಳಗೆ, ಸಣ್ಣ ದನಿಯಲ್ಲಿ. ಕೆಫೆಯಲ್ಲೋ ಸಭಾಂಗಣದಲ್ಲೋ ನಡೆಸುವುದಾದರೆ, ಸಾರ್ವಜನಿಕವಾಗಿ ಹಾಡು ನುಡಿಸಲು ಬೇಕಾದ ಪರವಾನಗಿ ಆ ಜಾಗದವರ ಬಳಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಬೇರೆ ಬೇರೆ ಊರುಗಳಲ್ಲಿರುವವರು ವಿಡಿಯೊ ಕರೆಯಲ್ಲಿ ಸೇರುವುದಾದರೆ, ಒಬ್ಬರ ಸ್ಪೀಕರ್‌ನಿಂದ ಎಲ್ಲರೂ ಕೇಳುವ ಪ್ರಯತ್ನ ಮಾಡಬೇಡಿ. ದನಿ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ತಲುಪುವುದರಿಂದ, ಚಪ್ಪಾಳೆ ಹಾಕಿದವರ ಚಪ್ಪಾಳೆಯೆಲ್ಲ ತಾಳ ತಪ್ಪಿ ಬರುತ್ತದೆ. ಎಲ್ಲರೂ ಹಾಡನ್ನು ತಮ್ಮ ತಮ್ಮ ಫೋನಿನಲ್ಲಿ ಸಿದ್ಧವಾಗಿಟ್ಟುಕೊಂಡು, ಒಬ್ಬರು ಮೂರು ಎಣಿಸಿದ ಕೂಡಲೇ ಒತ್ತಿ, ಕರೆಯ ಮೈಕ್ ಮುಚ್ಚಿ, ಮುಖಗಳನ್ನು ಮಾತ್ರ ನೋಡುತ್ತ ಕೇಳಬೇಕು. ವಿಜಯದಶಮಿಯ ಆ ರಾತ್ರಿ ನಾವು ಮಾಡಿದ್ದು ಹೀಗೆಯೇ. ಏಳು ಚೌಕಗಳಲ್ಲಿ ಏಳು ತಲೆಗಳು ಒಂದೇ ಲಯಕ್ಕೆ ತೂಗುತ್ತಿದ್ದುದು ಈಗಲೂ ನನ್ನ ಕಣ್ಣ ಮುಂದಿದೆ.

ಕೂಟದ ಜೀವಾಳವೆಂದರೆ ಹಾಡುಗಳನ್ನು ಕೇಳಿಸುವ ಕ್ರಮ. ಬಂದವರಿಗೆ ಮೊದಲೇ ಮ್ಯಾಶಪ್ ಕೇಳಿಸಬೇಡಿ. ಮೂಲ ಹಾಡುಗಳನ್ನು ಬಂದ ಕಾಲದ ಕ್ರಮದಲ್ಲಿ ಹಾಕಿ. ನಾಲ್ಕೂ ಸೇರಿ ಅರ್ಧ ಗಂಟೆಯೊಳಗೇ ಮುಗಿಯುತ್ತವೆ. ‘ರಾಕೆಟ್ ಮ್ಯಾನ್’ ಮನೆ ಬಿಟ್ಟು ದೂರ ಹೊರಟ ಗಗನಯಾತ್ರಿಯ ಒಂಟಿತನದ ಹಾಡು; ಅದರ ಪಲ್ಲವಿಯನ್ನು ಎಲ್ಲರೂ ಗುನುಗಿಕೊಳ್ಳಲಿ, ಏಕೆಂದರೆ ಮ್ಯಾಶಪ್‌ನಲ್ಲಿ ದುವಾ ಲೀಪಾ ಹಾಡುವುದು ಅದನ್ನೇ. ಆ ಹಾಡು ಬಂದ ಇಪ್ಪತ್ತಮೂರು ವರ್ಷಗಳ ಮೇಲೆ ಅವರು ಹುಟ್ಟಿದರು ಎಂಬುದನ್ನು ಈ ಹಂತದಲ್ಲಿ ಹೇಳಿದರೆ ಕೇಳುವವರ ಕಿವಿ ಇನ್ನಷ್ಟು ಚುರುಕಾಗುತ್ತದೆ. ‘ವೇರ್ಸ್ ದ ಶೂರಾ’ ಹೆಚ್ಚು ಜನ ಕೇಳಿರದ ಹಾಡು. ಅದರ ಹೆಸರಿನಲ್ಲಿರುವ ‘ಶೂರಾ’ ಎಂಬ ಒಂದು ಪದವನ್ನು ಗುರುತಿಟ್ಟುಕೊಳ್ಳಲು ಹೇಳಿ. ‘ಕಿಸ್ ದ ಬ್ರೈಡ್’ ತಾನು ಪ್ರೀತಿಸಿದವಳ ಮದುವೆಗೆ ಅತಿಥಿಯಾಗಿ ಹೋದವನ ಹಾಡು. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಬಚ್ಚಿಟ್ಟುಕೊಂಡೆ ಎಂಬ ಅರ್ಥದ ಎರಡು ಸಾಲುಗಳು ಅದರಲ್ಲಿ ಬರುತ್ತವೆ. ಬರುವಾಗ ಕೈ ಎತ್ತಿ ತೋರಿಸಿ. ಕೊನೆಗೆ ‘ಸ್ಯಾಕ್ರಿಫೈಸ್’, ದಾಂಪತ್ಯವೊಂದು ಸದ್ದಿಲ್ಲದೆ ಸಡಿಲವಾಗುವುದನ್ನು ಹೇಳುವ ನಿಧಾನದ ಹಾಡು. 1989ರಲ್ಲಿ ಬ್ರಿಟನ್ನಿನಲ್ಲಿ ಅದನ್ನು ಅಷ್ಟಾಗಿ ಯಾರೂ ಗಮನಿಸಲಿಲ್ಲ, 1990ರಲ್ಲಿ ಮರುಬಿಡುಗಡೆಯಾದಾಗ ಮೊದಲ ಸ್ಥಾನಕ್ಕೆ ಬಂದಿತು. ಎಲ್ಟನ್ ಅವರು ಜೊತೆಗಾಯಕರಿಲ್ಲದೆ ತಮ್ಮ ದೇಶದಲ್ಲಿ ಪಡೆದ ಮೊದಲ ಒಂದನೆಯ ಸ್ಥಾನ ಅದು.

ಈಗ ಒಂದು ನಿಮಿಷ ಮೌನವಾಗಿದ್ದು, ‘ಕೋಲ್ಡ್ ಹಾರ್ಟ್’ ಹಾಕಿ. ನಿಮಿಷಕ್ಕೆ ಸುಮಾರು 116 ಬಡಿತಗಳ ನಡಿಗೆಯದು, ತೊಡೆಯ ಮೇಲೆ ತಾಳ ಹಾಕಿದರೆ ನಾಲ್ಕು ನಾಲ್ಕಾಗಿ ತಾನೇ ಕೂರುತ್ತದೆ. ‘ಸ್ಯಾಕ್ರಿಫೈಸ್’ನ ಸಾಲುಗಳು ಎಲ್ಟನ್ ಅವರ ದನಿಯಲ್ಲಿ ಬಂದು, ಅವುಗಳ ಬೆನ್ನಿಗೆ ‘ಕಿಸ್ ದ ಬ್ರೈಡ್’ನ ಆ ಎರಡು ಸಾಲುಗಳು ಹೊಂದಿಕೊಂಡಾಗ, ದಾಂಪತ್ಯದ ದುಃಖವೂ ಹೇಳದೆ ಉಳಿದ ಪ್ರೀತಿಯೂ ಒಬ್ಬನದೇ ಕಥೆಯಾಗಿಬಿಡುತ್ತವೆ. ‘ಶೂರಾ’ ಎಂಬ ಪದ ಮಣಿ ಪೋಣಿಸಿದಂತೆ ಮತ್ತೆ ಮತ್ತೆ ಬರುತ್ತದೆ. ನಾಲ್ಕನ್ನೂ ಆಗಷ್ಟೇ ಕೇಳಿದವರು ಒಂದೊಂದು ತುಣುಕು ಬಂದಾಗಲೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕುಣಿತ ಆರಂಭವಾಗಬೇಕಾದ್ದು ಇದೇ ಹಾಡನ್ನು ಎರಡನೆಯ ಬಾರಿ ಹಾಕಿದಾಗ. ಮೊದಲ ಬಾರಿ ಕೇಳುವುದಕ್ಕೇ ಮೀಸಲಿರಲಿ.

ಗೋಡೆಗೆ ಹಚ್ಚಲು ಒಂದು ದೊಡ್ಡ ಹಾಳೆ ಸಿದ್ಧಮಾಡಿ, ಅದರಲ್ಲಿ ಹಾಡಿಗೆ ದುಡಿದ ಎಲ್ಲರ ಹೆಸರು ಬರೆಯಿರಿ. ಸಾಮಾನ್ಯವಾಗಿ ಜನ ಎರಡು ಹೆಸರುಗಳಿಗೇ ನಿಲ್ಲುತ್ತಾರೆ. ಪ್ನಾವ್ ತಂಡದ ನಿಕ್ ಲಿಟಲ್‌ಮೋರ್, ಸ್ಯಾಮ್ ಲಿಟಲ್‌ಮೋರ್ ಮತ್ತು ಪೀಟರ್ ಮೇಯ್ಸ್ ಅವರ ಹೆಸರುಗಳಿರಲಿ. 2012ರಲ್ಲೇ ಅವರ ತಂಡ ಎಲ್ಟನ್ ಅವರ ಎಪ್ಪತ್ತರ ದಶಕದ ಧ್ವನಿಮುದ್ರಣಗಳ ತುಣುಕುಗಳಿಂದ ‘ಗುಡ್ ಮಾರ್ನಿಂಗ್ ಟು ದ ನೈಟ್’ ಎಂಬ ಇಡೀ ಆಲ್ಬಮ್ ಕಟ್ಟಿ, ಅದೂ ಬ್ರಿಟನ್ನಿನ ಆಲ್ಬಮ್ ಚಾರ್ಟ್‌ನ ತುದಿಗೇರಿತ್ತು. ನಾಲ್ಕೂ ಮೂಲ ಹಾಡುಗಳ ಸಾಹಿತ್ಯ ಬರೆದ ಬರ್ನಿ ಟಾಪಿನ್ ಅವರನ್ನು ಮರೆಯಲೇಬಾರದು. ‘ರಾಕೆಟ್ ಮ್ಯಾನ್’ ಮತ್ತು ‘ಕಿಸ್ ದ ಬ್ರೈಡ್’ ಎರಡರಲ್ಲೂ ಬೇಸ್ ಗಿಟಾರ್ ನುಡಿಸಿದ ಡೀ ಮರ್ರಿ 1992ರಲ್ಲೇ ತೀರಿಕೊಂಡವರು. ನಮ್ಮ ಹಾಳೆಯಲ್ಲಿ ಅವರ ಹೆಸರನ್ನು ಪ್ರತಿ ವರ್ಷ ಬೇರೆ ಬೇರೆಯವರು ತಮ್ಮ ಕೈಬರಹದಲ್ಲಿ ಬರೆಯುತ್ತಾರೆ. ಹಾಳೆಯ ಕೆಳತುದಿಯಲ್ಲಿ ಅಂಕಿಗಳಿಗೆ ಜಾಗವಿರಲಿ: ಇದು ಬ್ರಿಟನ್ನಿನಲ್ಲಿ ಎಲ್ಟನ್ ಅವರಿಗೆ ಎಂಟನೆಯ ಬಾರಿ ದಕ್ಕಿದ ಮೊದಲ ಸ್ಥಾನ, 2005ರ ನಂತರದ ಮೊದಲನೆಯದು, ಮತ್ತು ಆಗ ಅವರಿಗೆ 74 ವರ್ಷ.

ಬಳಗದಲ್ಲಿ ಕಂಪ್ಯೂಟರಿನಲ್ಲಿ ಹಾಡು ಬೆಸೆಯಬಲ್ಲವರಿದ್ದರೆ, ಆ ರಾತ್ರಿಗೆಂದು ಒಂದು ಪುಟ್ಟ ಮ್ಯಾಶಪ್ ಮಾಡಿಸಬಹುದು. ಮೊದಲು ಎರಡೂ ಹಾಡುಗಳ ವೇಗವನ್ನು ಒಂದಕ್ಕೆ ತಂದು, ಬಳಿಕ ಶ್ರುತಿ ನೋಡಿಕೊಳ್ಳಬೇಕು. ವೇಗ ಕೂಡಿ ಶ್ರುತಿ ಕೂಡದಿದ್ದರೆ ಕಿವಿ ಒಪ್ಪುವುದೇ ಇಲ್ಲ. ಆದರೆ ಅದು ಕೋಣೆಯೊಳಗೇ ಉಳಿಯಲಿ, ಏಕೆಂದರೆ ಹೊರಗೆ ಬಿಡಲು ಮೂಲ ಹಾಡುಗಳ ಹಕ್ಕುದಾರರೆಲ್ಲರ ಅನುಮತಿ ಬೇಕು. 2002ರಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿದ ‘ಫ್ರೀಕ್ ಲೈಕ್ ಮಿ’ಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ರಿಚರ್ಡ್ ಎಕ್ಸ್ ಎಂಬ ನಿರ್ಮಾಪಕರು ಟ್ಯೂಬ್‌ವೇ ಆರ್ಮಿ ಎಂಬ ಬ್ರಿಟಿಷ್ ತಂಡದ 1979ರ ಹಾಡಿನ ವಾದ್ಯಸಂಗೀತದ ಮೇಲೆ ಅಮೆರಿಕದ ಗಾಯಕಿ ಅಡೀನಾ ಹೊವರ್ಡ್ ಅವರ ದನಿಯನ್ನು ಕೂರಿಸಿ ಗುಟ್ಟಾಗಿ ಹೊರತಂದದ್ದು ಕ್ಲಬ್ಬುಗಳಲ್ಲಿ ಜನಪ್ರಿಯವಾಗಿತ್ತು. ಅಧಿಕೃತವಾಗಿ ತರುವಾಗ ಆ ದನಿಗೆ ಅನುಮತಿ ಸಿಗದೆ, ಶುಗಬೇಬ್ಸ್ ತಂಡದವರು ಅದನ್ನು ಹೊಸದಾಗಿ ಹಾಡಿದರು.

ಇನ್ನು ಉಳಿದದ್ದು ಆಚರಣೆಯ ಅವಧಿ. ಮುಂದಿನ ಶುಕ್ರವಾರ, ಅಂದರೆ ಅಕ್ಟೋಬರ್ 22ರಂದು, ಅಡೆಲ್ ಅವರ ‘ಈಸಿ ಆನ್ ಮಿ’ ಮೊದಲ ಸ್ಥಾನಕ್ಕೆ ಬಂದಿತು. ಆದ್ದರಿಂದ ನಮ್ಮ ಹಾಳೆ ಗೋಡೆಯ ಮೇಲಿರುವುದು 15ರಿಂದ 21ರವರೆಗೆ, ಆ ಏಳು ದಿನ ಮಾತ್ರ. 21ರ ರಾತ್ರಿ ಹಾಳೆಯ ಯಜಮಾನಿಕೆ ಹೊತ್ತವರು ‘ಸ್ಯಾಕ್ರಿಫೈಸ್’ನ ಮೂಲ ಹಾಡನ್ನು ಸಣ್ಣ ದನಿಯಲ್ಲಿ ಹಾಕಿ, ಅಂಟುಪಟ್ಟಿಗಳನ್ನು ಹರಿಯದಂತೆ ಬಿಡಿಸಿ, ಹಾಳೆಯನ್ನು ನಾಲ್ಕಾಗಿ ಮಡಚಿ ಹಿಂದಿನ ವರ್ಷಗಳ ಹಾಳೆಗಳಿರುವ ಫೈಲಿಗೆ ಸೇರಿಸುತ್ತಾರೆ.