ಮಳೆನಾಡಿನ ಮನೆಯಲ್ಲಿ ಡಿಜಿಟಲ್ ಪಿಯಾನೊ: ನನ್ನ ಅನುಭವ

ವಿರಾಜಪೇಟೆಯ ಕಡೆ ಕಾಫಿ ತೋಟದ ನಡುವೆ ಇರುವ ನಮ್ಮ ಮನೆಗೆ ಪಿಯಾನೊ ತರುವ ಮಾತು ಬಂದಾಗ, ತಂತಿಯ ಪಿಯಾನೊ ಬಿಟ್ಟು ಡಿಜಿಟಲ್ ಪಿಯಾನೊ ಆರಿಸಿಕೊಂಡದ್ದಕ್ಕೆ ಬೆಲೆಗಿಂತ ದೊಡ್ಡ ಕಾರಣ ಇಲ್ಲಿಯ ಹವೆ. ತಂತಿಯ ಪಿಯಾನೊದೊಳಗೆ ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿಗಳು ಟನ್ನುಗಟ್ಟಲೆ ಬಿಗಿತದಲ್ಲಿ ನಿಂತಿರುತ್ತವೆ, ಅವುಗಳ ಕಂಪನವನ್ನು ಕೋಣೆಗೆ ಕೇಳುವಂತೆ ಮಾಡುವುದು ಒಂದು ತೆಳುವಾದ ಮರದ ಹಲಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಕುಡಿದು ಉಬ್ಬುವ ಆ ಹಲಗೆ ಫೆಬ್ರವರಿಯ ಒಣ ಗಾಳಿಗೆ ಮತ್ತೆ ಕುಗ್ಗುತ್ತದೆ, ಅದರೊಂದಿಗೆ ಶ್ರುತಿಯೂ ಸರಿಯುತ್ತದೆ. ನಮಗೆ ಪರಿಚಯವಿರುವ ಶ್ರುತಿಕಾರರೆಲ್ಲ ಬೆಂಗಳೂರಿನವರು. ವರ್ಷಕ್ಕೆ ಎರಡು ಸಲ ಅವರನ್ನು ಘಟ್ಟ ಹತ್ತಿಸುವುದು ನಮ್ಮಂಥವರಿಗೆ ಸಾಧ್ಯವಾಗುವ ಕೆಲಸವಲ್ಲ. ಡಿಜಿಟಲ್ ಪಿಯಾನೊದಲ್ಲಿ ಧ್ವನಿಯು ಮೊದಲೇ ಮುದ್ರಿಸಿಟ್ಟ ಮಾದರಿಗಳಿಂದ ಬರುವುದರಿಂದ ಮಧ್ಯದ 'ಎ' ಸ್ವರ ಯಾವ ಮಳೆಗೂ 440 ಹರ್ಟ್ಸ್ ಬಿಟ್ಟು ಕದಲುವುದಿಲ್ಲ. ಆದರೆ ತೇವವು ಅದರೊಳಗೂ ತನಗೊಂದು ಜಾಗ ಹುಡುಕಿಕೊಳ್ಳುತ್ತದೆ, ಸಿಡಿಲು ಇನ್ನೊಂದು ದಾರಿಯಲ್ಲಿ ಬರುತ್ತದೆ. ಆ ಎರಡನ್ನೂ ಅರಿತು ಈ ವಾದ್ಯವನ್ನು ಮನೆಯಲ್ಲಿ ಹೇಗೆ ಉಳಿಸಿಕೊಂಡು ಬಂದಿದ್ದೇನೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ.

ಪಿಯಾನೊ ಕೈಕೊಟ್ಟಾಗ ಎಲ್ಲರ ಅನುಮಾನವೂ ಮೊದಲು ಹೋಗುವುದು ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ. ನಾನು ಕಂಡ ಮಟ್ಟಿಗೆ ಅದು ಕೊನೆಗೆ ಅನುಮಾನಿಸಬೇಕಾದ ಭಾಗ. ಕೀಗಳ ಅಡಿಯ ರಬ್ಬರು, ಹಿಂಬದಿಯ ಜಾಕುಗಳು, ಪೆಡಲಿನ ವೈರು, ಅಡಾಪ್ಟರ್ ಮತ್ತು ಯಾರೋ ಒತ್ತಿಬಿಟ್ಟ ಒಂದು ಗುಂಡಿ, ಇವಿಷ್ಟರಲ್ಲೇ ಬಹುಪಾಲು ತೊಂದರೆಗಳು ಅಡಗಿರುತ್ತವೆ. ಆದ್ದರಿಂದ ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ನಾನು ವಾದ್ಯವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿಕೊಳ್ಳುತ್ತೇನೆ: ಬೆರಳಿನ ಒತ್ತಡವನ್ನು ಅಳೆಯುವ ಪಾಲು, ಆ ಅಳತೆಗೆ ತಕ್ಕ ಧ್ವನಿ ಹುಟ್ಟಿಸುವ ಪಾಲು, ಹುಟ್ಟಿದ ಧ್ವನಿಯನ್ನು ಸ್ಪೀಕರಿಗೆ ತಲುಪಿಸುವ ಪಾಲು. ದೋಷ ಯಾವ ಪಾಲಿನದೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಅದನ್ನು ಗೊತ್ತುಮಾಡಲು ಬೇಕಾದುದು ಒಂದು ಹೆಡ್‌ಫೋನ್, ಒಂದು ಯುಎಸ್‌ಬಿ ಕೇಬಲ್, ಅದನ್ನು ಫೋನಿಗೆ ಸೇರಿಸುವ ಒಟಿಜಿ ತುಂಡು ಮತ್ತು ಮೊಬೈಲ್ ಫೋನ್. ಸ್ಪೀಕರಿನಲ್ಲಿ ಕೇಳದ ಧ್ವನಿ ಹೆಡ್‌ಫೋನಿನಲ್ಲಿ ಸರಿಯಾಗಿ ಕೇಳಿದರೆ ತೊಂದರೆ ಮೂರನೆಯ ಪಾಲಿನದು. ಎರಡರಲ್ಲೂ ಒಂದೇ ದೋಷ ಕೇಳಿದರೆ ಪಿಯಾನೊವನ್ನು ಫೋನಿಗೆ ಜೋಡಿಸಿ, ಉಚಿತವಾಗಿ ಸಿಗುವ ಮಿಡಿ ಮಾನಿಟರ್ ಆ್ಯಪ್ ಒಂದನ್ನು ತೆರೆಯುತ್ತೇನೆ. ವಾದ್ಯಗಳು ಪರಸ್ಪರ ಮತ್ತು ಕಂಪ್ಯೂಟರಿನೊಡನೆ ಸಂದೇಶ ಹಂಚಿಕೊಳ್ಳಲು 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ವ್ಯವಸ್ಥೆಯು ಪ್ರತಿ ಕೀಗೂ ಒಂದು ಸಂಖ್ಯೆ ಕೊಡುತ್ತದೆ. 88 ಕೀಗಳ ಪಿಯಾನೊದಲ್ಲಿ ಎಡತುದಿಯ ಕೀ 21, ಮಧ್ಯದ 'ಸಿ' 60, ಬಲತುದಿಯದು 108. ಅದರ ಜೊತೆಗೆ ಕೀ ಎಷ್ಟು ವೇಗವಾಗಿ ಕೆಳಗಿಳಿಯಿತು ಎಂಬುದನ್ನು 1ರಿಂದ 127ರವರೆಗಿನ ಇನ್ನೊಂದು ಸಂಖ್ಯೆಯಾಗಿ ಕಳಿಸುತ್ತದೆ. ಎಡದಿಂದ ಬಲಕ್ಕೆ ಎಲ್ಲ ಕೀಗಳನ್ನೂ ಒಂದೇ ಹದದಲ್ಲಿ ಮೆಲ್ಲಗೆ ಒತ್ತುತ್ತ ಹೋದರೆ ಪರದೆಯ ಮೇಲೆ ಮೂವತ್ತರ ಆಸುಪಾಸಿನ ಅಂಕಿಗಳು ಸಾಲಾಗಿ ಬರುತ್ತವೆ, ನಡುವೆ ಒಂದು ಕೀ ಮಾತ್ರ 127 ತೋರಿಸಿದರೆ ರೋಗ ಎಲ್ಲಿದೆ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಕಿವಿಗೆ 'ಏನೋ ಸರಿಯಿಲ್ಲ' ಎಂದಷ್ಟೇ ತೋರುವುದನ್ನು ಈ ಅಂಕಿಗಳು ನಿಖರವಾಗಿ ಹೇಳುವುದರಿಂದ ನಾನು ಇದನ್ನು ಬಹಳ ನೆಚ್ಚಿಕೊಂಡಿದ್ದೇನೆ.

ಮೆಲ್ಲಗೆ ಒತ್ತಿದ ಕೀ ಇದ್ದಕ್ಕಿದ್ದಂತೆ ಕಿರುಚಿದ ಹಾಗೆ ಜೋರಾಗಿ ನುಡಿಯುವುದು, ಇಲ್ಲವೇ ನುಡಿಯದೆಯೇ ಸುಮ್ಮನಿರುವುದು, ಕೊಡಗಿನ ಮನೆಗಳಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ಕಾಣಿಸಿಕೊಳ್ಳುವ ಮುಖ್ಯ ದೋಷ. ಇದರ ಕಾರಣ ತಿಳಿದಿರುವುದು ಅಗತ್ಯ. ಪ್ರತಿ ಕೀಯ ಚಲನೆಗೂ ಸಿಗುವಂತೆ ರಬ್ಬರಿನ ಪುಟ್ಟ ಗುಮ್ಮಟವೊಂದಿರುತ್ತದೆ. ಅದರೊಳಗೆ ಎರಡು ಕಾರ್ಬನ್ ಬಿಲ್ಲೆಗಳು ಸ್ವಲ್ಪ ಎತ್ತರ ತಗ್ಗಾಗಿ ಕೂತಿರುತ್ತವೆ, ಬೆಲೆ ಹೆಚ್ಚಿನ ಮಾದರಿಗಳಲ್ಲಿ ಮೂರು ಇರುವುದೂ ಉಂಟು. ಕೀ ಇಳಿಯುವಾಗ ಮೊದಲ ಬಿಲ್ಲೆ ಕೆಳಗಿನ ಬೋರ್ಡಿಗೆ ಮುಟ್ಟಿ, ಕ್ಷಣದ ಬಳಿಕ ಎರಡನೆಯದು ಮುಟ್ಟುತ್ತದೆ. ಪಿಯಾನೊ ಅಳೆಯುವುದು ಈ ಎರಡು ಸ್ಪರ್ಶಗಳ ನಡುವಿನ ಸಮಯವನ್ನು. ಸಮಯ ಕಡಿಮೆಯಾದಷ್ಟೂ ಬೆರಳು ಜೋರಾಗಿ ಬಿದ್ದಿದೆ ಎಂದು ಅದರ ಲೆಕ್ಕ. ತೇವದಿಂದ ಬಂದ ಪೊರೆಯೋ ಬೂಷ್ಟಿನ ಕಣವೋ ಮೊದಲ ಬಿಲ್ಲೆಗೆ ಅಡ್ಡಬಂದರೆ ಆ ಸ್ಪರ್ಶ ತಡವಾಗಿ ದಾಖಲಾಗುತ್ತದೆ, ನಡುವಿನ ಸಮಯ ಕುಗ್ಗುತ್ತದೆ, ಹೂವಿನಷ್ಟು ಹಗುರಾಗಿ ಒತ್ತಿದ ಕೀಯೂ ಗರಿಷ್ಠ ಧ್ವನಿಯಲ್ಲಿ ನುಡಿಯುತ್ತದೆ. ಎರಡನೆಯ ಬಿಲ್ಲೆಗೆ ಅಡ್ಡಬಂದರೆ ಧ್ವನಿಯೇ ಹುಟ್ಟುವುದಿಲ್ಲ. ಮಗಳು ಟ್ರಿನಿಟಿ ಕಾಲೇಜ್ ಲಂಡನ್‌ನ ಗ್ರೇಡ್ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದಾಗ ಎಡಗೈಯ ಒಂದು ಸ್ವರ ಮತ್ತೆ ಮತ್ತೆ ಮೇಲೆದ್ದು ಕೇಳುತ್ತಿತ್ತು. ಅವಳ ಬೆರಳನ್ನು ತಿದ್ದುವುದಕ್ಕೆ ಮೊದಲು ಅಂಕಿಗಳನ್ನು ನೋಡಿದ್ದರಿಂದ ಆ ಮಗುವಿನ ಮೇಲೆ ತಪ್ಪು ಹೊರಿಸುವುದು ತಪ್ಪಿತು. ಮಕ್ಕಳಿರುವ ಮನೆಯವರು ಇದನ್ನು ನೆನಪಿನಲ್ಲಿಡಬೇಕೆಂದು ನನ್ನ ಕಳಕಳಿಯ ಕೋರಿಕೆ.

ವಾರಂಟಿ ಇರುವವರೆಗೆ ಪಿಯಾನೊವನ್ನು ಬಿಚ್ಚಕೂಡದು. ಅದು ಮುಗಿದ ಮೇಲೆ ಬಿಚ್ಚಿ ಸ್ವಚ್ಛಗೊಳಿಸುವುದನ್ನು ತಾಳ್ಮೆ ಇರುವ ಯಾರೂ ಮಾಡಬಹುದು. ಅಡಾಪ್ಟರ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಕಂಬಳಿ ಹಾಸಿದ ಮೇಜಿನ ಮೇಲೆ ವಾದ್ಯವನ್ನು ಬೋರಲು ಮಲಗಿಸುತ್ತೇನೆ. ಅಡಿಯ ಸ್ಕ್ರೂಗಳು ಒಂದೇ ಉದ್ದದವಲ್ಲವಾದ್ದರಿಂದ ರಟ್ಟಿನ ಹಾಳೆಯ ಮೇಲೆ ಪಿಯಾನೊದ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡುತ್ತೇನೆ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಪ್ರತಿ ಹಂತದಲ್ಲೂ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುತ್ತೇನೆ. ಚಪ್ಪಟೆ ರಿಬ್ಬನ್ ಕೇಬಲ್‌ಗಳನ್ನು ಎಳೆಯದೆ, ಅವುಗಳ ಕೊನೆಯ ಬೀಗವನ್ನು ಉಗುರಿನಿಂದ ಸರಿಸಿದರೆ ತಾವಾಗಿಯೇ ಬಿಡುತ್ತವೆ. ರಬ್ಬರ್ ಪಟ್ಟಿಗಳು ಹನ್ನೆರಡರ ಆಸುಪಾಸಿನ ಕೀಗಳಿಗೆ ಒಂದರಂತೆ ಇರುತ್ತವೆ. ಅವನ್ನು ಎತ್ತಿ, ನೂಲು ಬಿಡದ ಬಟ್ಟೆಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಬಿಲ್ಲೆಯನ್ನೂ ಬೋರ್ಡಿನ ಕಪ್ಪು ಗುರುತುಗಳನ್ನೂ ಒತ್ತದೆ ಒರೆಸುತ್ತೇನೆ. ಉಪ್ಪುಕಾಗದವಾಗಲಿ ಬ್ಲೇಡಾಗಲಿ ಅಲ್ಲಿಗೆ ತಾಗಕೂಡದು, ಬೋರ್ಡಿನ ಮೇಲಿನ ಕಾರ್ಬನ್ ಲೇಪ ಬಹಳ ತೆಳು. ಅಂಗಡಿಯಲ್ಲಿ ಸಿಗುವ ಕೈತೊಳೆಯುವ ಸ್ಯಾನಿಟೈಸರ್ ಇದಕ್ಕೆ ಆಗುವುದಿಲ್ಲ, ಅದರಲ್ಲಿರುವ ನೀರು ಮತ್ತು ಅಂಟು ಹೊಸ ಪೊರೆಯನ್ನೇ ಕಟ್ಟುತ್ತವೆ. ಪೂರ್ತಿ ಆರಿದ ಬಳಿಕ ರಬ್ಬರಿನ ಮೊಳೆಗಳನ್ನು ಮೊಂಡಾದ ಕಡ್ಡಿಯಿಂದ ಅವುಗಳ ರಂಧ್ರಕ್ಕೆ ಒಂದೊಂದಾಗಿ ತಳ್ಳಬೇಕು. ಪಟ್ಟಿ ಎಲ್ಲಾದರೂ ಅರ್ಧ ಎದ್ದು ಕೂತಿದ್ದರೆ ಮೊದಲಿದ್ದ ದೋಷವೇ ಪಕ್ಕದ ಕೀಗೆ ದಾಟಿಕೊಳ್ಳುತ್ತದೆ. ಸ್ವಚ್ಛಗೊಳಿಸಿದರೂ ಗುಣವಾಗದಿದ್ದರೆ ಒಂದೇ ಅಳತೆಯ ಎರಡು ಪಟ್ಟಿಗಳನ್ನು ಅದಲುಬದಲು ಮಾಡಿ ನೋಡುವುದು ಒಳ್ಳೆಯ ಪರೀಕ್ಷೆ: ದೋಷ ಪಟ್ಟಿಯೊಂದಿಗೆ ಜಾಗ ಬದಲಿಸಿದರೆ ರಬ್ಬರು ಹೋಗಿದೆ, ಅಲ್ಲೇ ಉಳಿದರೆ ಬೋರ್ಡು ನೋಡಬೇಕು.

ಕೀ ಪೂರ್ತಿ ಕೆಳಗಿಳಿಯದಿದ್ದರೆ ಅದು ಬೇರೆ ಸಂಗತಿ. ಒಮ್ಮೆ ಮೇಲಿನ ಸಪ್ತಕದ ಒಂದು ಕೀ ಅರ್ಧಕ್ಕೆ ನಿಂತು ಗಟ್ಟಿಯಾಗಿ ತಡೆಯುತ್ತಿತ್ತು. ಟಾರ್ಚ್ ಹಿಡಿದು ಎರಡು ಕೀಗಳ ನಡುವಿನ ಸಂದಿಯಲ್ಲಿ ನೋಡಿದರೆ ಒಣಗಿದ ಕರಿಮೆಣಸಿನ ಕಾಳೊಂದು ಕೀಯ ಅಡಿಯ ಫೆಲ್ಟಿನ ಮೇಲೆ ಕೂತಿತ್ತು. ಕೊಯ್ಲಿನ ದಿನಗಳಲ್ಲಿ ಮನೆಯ ಮೂಲೆ ಮೂಲೆಯಲ್ಲೂ ಮೆಣಸು ಕಾಫಿ ಉರುಳಾಡುವ ನಾಡಿನಲ್ಲಿ ಇದು ಆಶ್ಚರ್ಯವಲ್ಲ. ಅಂಥ ವಸ್ತುವನ್ನು ಸೂಜಿಯಿಂದ ಕೆದಕಿದರೆ ಇನ್ನೂ ಒಳಗೆ ಸರಿಯುತ್ತದೆ. ವಾದ್ಯವನ್ನು ಇಬ್ಬರು ಹಿಡಿದು ಕೀಗಳು ಕೆಳಮುಖವಾಗುವಂತೆ ಓರೆ ಮಾಡಿ ಮೆಲ್ಲಗೆ ಅಲುಗಿಸಿದಾಗ ಕಾಳು ತಾನಾಗಿ ಹೊರಬಿತ್ತು.

ತೇವವನ್ನು ತಡೆಯುವ ವಿಷಯದಲ್ಲಿ ನನ್ನ ಕ್ರಮಗಳು ಹೀಗಿವೆ. ಕೋಣೆಯಲ್ಲಿ ಚಿಕ್ಕ ಆರ್ದ್ರತಾಮಾಪಕವನ್ನು ಇಟ್ಟಿದ್ದೇನೆ. ಇಂಥ ವಾದ್ಯಗಳಿಗೆ 40ರಿಂದ 60 ಶೇಕಡಾ ಹಿತವಾದರೆ, ಜುಲೈ-ಆಗಸ್ಟಿನ ಕಕ್ಕಡ ಮಾಸದಲ್ಲಿ ಮಂಜು ಕಿಟಕಿಯೊಳಗೆ ಬರುವ ದಿನಗಳಲ್ಲಿ ನಮ್ಮಲ್ಲಿ ಅದು 90 ದಾಟುತ್ತದೆ. ಪಿಯಾನೊ ಹೊರಗೋಡೆಗೆ ತಾಗಿರದೆ, ಒಳಗೋಡೆಯಿಂದಲೂ ಒಂದು ಗೇಣು ದೂರದಲ್ಲಿದೆ. ಪ್ಲಾಸ್ಟಿಕ್ ಹೊದಿಕೆಯಡಿ ತೇವ ಸಿಕ್ಕಿಬೀಳುವುದರಿಂದ ಹತ್ತಿಯ ದಪ್ಪ ಬಟ್ಟೆ ಹೊದಿಸುತ್ತೇನೆ, ಅದರೊಳಗೆ ಸಿಲಿಕಾ ಜೆಲ್ ಚೀಲಗಳನ್ನು ಇಡುತ್ತೇನೆ. ನೀಲಿ ಜೆಲ್‌ನಲ್ಲಿ ವಿಷಕಾರಿಯಾದ ಕೋಬಾಲ್ಟ್ ಲವಣ ಇರುವುದರಿಂದ ತೇವ ಹೀರಿದಾಗ ಕಿತ್ತಳೆಯಿಂದ ಹಸಿರಿಗೆ ತಿರುಗುವ ಜೆಲ್ಲನ್ನೇ ತರಿಸಿಕೊಳ್ಳುತ್ತೇನೆ. ಬಿಸಿಲೇ ಕಾಣದ ವಾರಗಳಲ್ಲಿ ಅದನ್ನು ಅಡುಗೆಗೆ ಬಳಸದ ಪಾತ್ರೆಯೊಂದರಲ್ಲಿ ಬಿಸಿ ಮಾಡಿ ಒಣಗಿಸಿಕೊಂಡರೆ ಮತ್ತೆ ಕೆಲಸಕ್ಕೆ ಬರುತ್ತದೆ. ಒದ್ದೆ ಬಟ್ಟೆಗಳನ್ನು ಆ ಕೋಣೆಯಲ್ಲಿ ಒಣಹಾಕುವುದಿಲ್ಲ, ಕೆಂಡದ ಹೊಗೆಯನ್ನೂ ಅಲ್ಲಿಗೆ ಬಿಡುವುದಿಲ್ಲ. ಹೊಗೆಯ ಜಿಡ್ಡು ತೇವದೊಂದಿಗೆ ಸೇರಿದರೆ ಒರೆಸಿದರೂ ಹೋಗದ ಪೊರೆಯಾಗುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಉಪಕಾರ ಮಾಡುವುದು ದಿನವೂ ನುಡಿಸುವುದು. ಒಳಗಿನ ಸರ್ಕ್ಯೂಟಿನ ಅಲ್ಪ ಶಾಖ ಮತ್ತು ಬಿಲ್ಲೆಗಳ ನಿರಂತರ ಸ್ಪರ್ಶ ಪೊರೆ ಕಟ್ಟಲು ಬಿಡುವುದಿಲ್ಲ ಎಂಬುದು ನನ್ನ ನಂಬಿಕೆ, ಹೆಚ್ಚು ನುಡಿಸುವ ಮಧ್ಯದ ಕೀಗಳಿಗಿಂತ ತುದಿಯ ಕೀಗಳೇ ನಮ್ಮಲ್ಲಿ ಮೊದಲು ಕೆಟ್ಟದ್ದು ಅದಕ್ಕೆ ಪುಷ್ಟಿ ಕೊಡುತ್ತದೆ.

ಇನ್ನು ವಿದ್ಯುತ್ತಿನ ಮಾತು. ಬಹಳಷ್ಟು ಅಡಾಪ್ಟರ್‌ಗಳು 100ರಿಂದ 240 ವೋಲ್ಟ್‌ವರೆಗೆ ನಡೆಯುವಂತೆ ಮಾಡಿದವು, ಹಾಗಾಗಿ ದೀಪ ಮಂಕಾಗುವಷ್ಟು ವೋಲ್ಟೇಜ್ ಇಳಿದರೂ ಪಿಯಾನೊಗೆ ಅಪಾಯವಿಲ್ಲ. ಅಪಾಯವಿರುವುದು ಏರಿಕೆಯಲ್ಲಿ. ಗಾಳಿಗೆ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ 230 ಇರಬೇಕಾದ ಮನೆಯೊಳಗೆ 400ರ ಹತ್ತಿರದ ವೋಲ್ಟೇಜ್ ನುಗ್ಗಬಹುದು. ಅದಕ್ಕಾಗಿ ಮಿತಿ ಮೀರಿದಾಗ ಸಂಪರ್ಕ ಕಡಿಯುವ ಸ್ಟೆಬಿಲೈಸರ್ ಮೂಲಕವೇ ಪಿಯಾನೊಗೆ ಕರೆಂಟು ಕೊಟ್ಟಿದ್ದೇನೆ. ಸಿಡಿಲಿಗೆ ಮಾತ್ರ ಯಾವ ಪೆಟ್ಟಿಗೆಯನ್ನೂ ನಂಬುವಂತಿಲ್ಲ. ಮಾರ್ಚ್‌ನಿಂದ ಮೇವರೆಗೆ ಹೂಮಳೆಯ ಮೋಡ ಕಟ್ಟಿ ಗುಡುಗು ಕೇಳುವುದಕ್ಕೆ ಮುಂಚೆಯೇ ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು, ಕಂಪ್ಯೂಟರಿಗೆ ಹೋಗುವ ಯುಎಸ್‌ಬಿ ವೈರನ್ನೂ ಬಿಡಿಸಬೇಕು. ಸ್ವಿಚ್ ಆರಿಸಿದರೆ ಸಾಲದು.

ಪಿಯಾನೊ ತಾನಾಗಿ ಆರಿಹೋಗುವುದೂ ಹತ್ತುವುದೂ ಮಾಡುತ್ತಿದ್ದರೆ ಅಡಾಪ್ಟರಿನ ಪಿನ್ ಸೇರುವ ಜಾಕನ್ನು ನೋಡಬೇಕು. ಪಿನ್ ಮುಟ್ಟಿ ಅಲುಗಿಸಿದಾಗ ದೀಪ ಮಿಣುಕಿದರೆ ಒಳಗಿನ ಬೆಸುಗೆ ಬಿರುಕುಬಿಟ್ಟಿದೆ ಎಂದರ್ಥ. ನಮ್ಮದನ್ನು ಗೋಣಿಕೊಪ್ಪದಲ್ಲಿ ಟಿವಿ ದುರಸ್ತಿ ಮಾಡುವವರೊಬ್ಬರು ಹೊಸ ಬೆಸುಗೆ ಹಾಕಿ ಸರಿಮಾಡಿಕೊಟ್ಟರು. ಪಿಯಾನೊವನ್ನು ಹಿಂದೆಂದೂ ಬಿಚ್ಚಿರದ ಅವರಿಗೆ ದೋಷ ಇಂಥಲ್ಲೇ ಇದೆಯೆಂದು ತೋರಿಸಿದ್ದೇ ಸಾಕಾಯಿತು. ಬದಲಿ ಅಡಾಪ್ಟರ್ ಕೊಳ್ಳುವವರು ವೋಲ್ಟ್ ಹಳೆಯದರಷ್ಟೇ ಇದೆಯೇ, ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇಲ್ಲವೇ, ಪಿನ್ನಿನ ನಡುವಿನದು ಧನವೋ ಋಣವೋ ಎಂಬುದನ್ನು ಲೇಬಲ್ಲಿನ ಚಿತ್ರ ನೋಡಿಯೇ ಕೊಳ್ಳಬೇಕು. ಪಿನ್ ಸೇರಿತೆಂಬ ಮಾತ್ರಕ್ಕೆ ಅದು ಸರಿಯಾದ ಅಡಾಪ್ಟರ್ ಆಗುವುದಿಲ್ಲ. ಅರ್ಧ ಗಂಟೆ ಮುಟ್ಟದಿದ್ದಾಗ ಆರುವುದು ಮಾತ್ರ ಹಲವು ಮಾದರಿಗಳಲ್ಲಿ ಇರುವ ಉಳಿತಾಯದ ಏರ್ಪಾಡು, ದೋಷವಲ್ಲ.

ಸ್ಪೀಕರ್ ಸದ್ದಿಲ್ಲದಾದಾಗ ನಾನು ಹೆಡ್‌ಫೋನ್ ಜಾಕನ್ನು ನೋಡುತ್ತೇನೆ. ಅದರೊಳಗಿನ ಸಣ್ಣ ಲೋಹದ ನಾಲಿಗೆ ಕಿಲುಬು ಹಿಡಿದು ಸಿಕ್ಕಿಕೊಂಡರೆ, ಹೆಡ್‌ಫೋನ್ ಇನ್ನೂ ಚುಚ್ಚಿದೆ ಎಂದೇ ತಿಳಿದು ವಾದ್ಯ ಸ್ಪೀಕರನ್ನು ಕಡಿದಿಡುತ್ತದೆ. ಪ್ಲಗ್ಗನ್ನು ಹಲವು ಸಲ ಹಾಕಿ ತೆಗೆದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಪೆಡಲ್ ಒತ್ತಿದಾಗ ಧ್ವನಿ ನಿಂತು, ಬಿಟ್ಟಾಗ ಎಳೆಯುತ್ತಿದ್ದರೆ ಪೆಡಲಿನ ಸ್ಥಿತಿಯನ್ನು ಪಿಯಾನೊ ತಲೆಕೆಳಗಾಗಿ ಗ್ರಹಿಸಿದೆ ಎಂದು ತಿಳಿಯಬೇಕು. ಅನೇಕ ಮಾದರಿಗಳು ಅದನ್ನು ಚಾಲೂ ಆಗುವಾಗ ಗುರುತಿಸುವುದರಿಂದ, ಪಿಯಾನೊವನ್ನು ಆರಿಸಿ, ಪೆಡಲ್ ಮೇಲಿನ ಕಾಲು ತೆಗೆದು, ಪಿಯಾನೊವನ್ನು ಮತ್ತೆ ಚಾಲೂ ಮಾಡಿದರೆ ಸಾಕು. ಕೀಗಳು ಮೂಕವಾಗಿದ್ದು ಫೋನಿನಲ್ಲಿ ಮಾತ್ರ ಅಂಕಿಗಳು ಬರುತ್ತಿದ್ದರೆ ಕೀಗಳನ್ನು ವಾದ್ಯದ ಸ್ವಂತ ಧ್ವನಿಗೆ ಜೋಡಿಸುವ ಲೋಕಲ್ ಕಂಟ್ರೋಲ್ ಎಂಬ ಸೆಟ್ಟಿಂಗ್ ಆರಿದೆ. ಭಜನೆಗೋ ಹಾಡುಗಾರಿಕೆಗೋ ಶ್ರುತಿ ಏರಿಸಿಟ್ಟ ಟ್ರಾನ್ಸ್‌ಪೋಸ್ ಹಾಗೆಯೇ ಉಳಿದರೆ ಇಡೀ ವಾದ್ಯ ಅಪಶ್ರುತಿಯಾದಂತೆ ತೋರುತ್ತದೆ, ಅದನ್ನು ಸೊನ್ನೆಗೆ ತರಬೇಕು. ಲ್ಯಾಪ್‌ಟಾಪಿಗೆ ಜೋಡಿಸಿದಾಗ ಕೇಳುವ ಗುಂಯ್‌ಗುಡುವಿಕೆ ಚಾರ್ಜರ್ ಕಿತ್ತೊಡನೆ ನಿಂತರೆ ತಪ್ಪು ಪಿಯಾನೊದ್ದಲ್ಲ, ಅರ್ಥಿಂಗಿನ ದಾರಿಯದು.

ಇಷ್ಟರಿಂದಲೂ ಬಗೆಹರಿಯದೆ ಮೈಸೂರಿಗೆ ಒಯ್ಯುವುದೇ ಆದರೆ ಮೊದಲು ಮಿಡಿ ಪರದೆಯ ಚಿತ್ರವನ್ನೂ ದೋಷವಿರುವ ಕೀಗಳ ಸಂಖ್ಯೆಗಳನ್ನೂ ಸರ್ವಿಸ್‌ನವರಿಗೆ ಕಳುಹಿಸಿ, ಬೇಕಾದ ರಬ್ಬರ್ ಪಟ್ಟಿ ಅವರ ಬಳಿ ಬಂದ ಮೇಲೆಯೇ ಹೊರಡುವುದು ಒಳ್ಳೆಯದು. ಹತ್ತು ಹನ್ನೆರಡು ಕಿಲೊ ತೂಗುವ ವಾದ್ಯವನ್ನು ತಿರುವುಗಳಲ್ಲಿ ಅಲುಗಾಡಿಸುತ್ತ ಎರಡೆರಡು ಸಲ ಸಾಗಿಸುವುದು ತಪ್ಪುತ್ತದೆ. ಹಳೆಯ ಪಿಯಾನೊ ಕೊಳ್ಳಲು ಹೊರಟವರಿಗೂ ನಾನು ಇದೇ ಪರೀಕ್ಷೆಯನ್ನು ಹೇಳುತ್ತೇನೆ. ಮಾರುವವರು ಜೋರಾಗಿ ನುಡಿಸಿ ತೋರಿಸಿದಾಗ ದೋಷವೆಲ್ಲ ಮುಚ್ಚಿಹೋಗುತ್ತದೆ. ಧ್ವನಿಯನ್ನು ಮಧ್ಯಮಕ್ಕಿಟ್ಟು 88 ಕೀಗಳನ್ನೂ ಒಂದೊಂದಾಗಿ, ನುಡಿದೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಒತ್ತಿ ನೋಡಬೇಕು. ಆ ಪರೀಕ್ಷೆಗೆ ಸೆಪ್ಟೆಂಬರ್ ಕೊನೆಯ ದಿನಗಳೇ ತಕ್ಕ ಕಾಲ, ಮಳೆಗಾಲ ವಾದ್ಯದೊಳಗೆ ಏನು ಮಾಡಿದೆ ಎಂಬುದು ಆಗ ಪೂರ್ತಿಯಾಗಿ ಕಾಣುತ್ತದೆ.