ಇಬ್ಬರಿಗೂ ನಾನೇ ವಕೀಲನಾದ ಆ ಒಂದು ಕೇಸು

"ವಕೀಲರೇ, ವಿಚ್ಛೇದನಕ್ಕೆ ನಮ್ಮಿಬ್ಬರದ್ದೂ ಒಪ್ಪಿಗೆ ಇದೆ. ಜಗಳ ಏನಿಲ್ಲ. ಸುಮ್ನೆ ಇಬ್ಬರು ವಕೀಲರಿಗೆ ಯಾಕೆ ಫೀಸು? ನೀವೇ ಮಾಡಿಕೊಡಿ."

ಶಿರಸಿಯ ನನ್ನ ಕಚೇರಿಯಲ್ಲಿ ಈ ಮಾತು ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. ಮೊದಲೆಲ್ಲ ಹೂಂ ಅನ್ನುತ್ತಿದ್ದೆ. ಈಗ ಸುಲಭಕ್ಕೆ ಅನ್ನುವುದಿಲ್ಲ. ಅದಕ್ಕೆ ಕಾರಣ ಒಂದು ಕೇಸು.

ಆ ಕೇಸಿನಲ್ಲಿ ಹುಡುಗನ ಮನೆಯವರು ನನಗೆ ಹಳೆಯ ಪರಿಚಯ. ಅಪ್ಪ, ಚಿಕ್ಕಪ್ಪಂದಿರ ಹಿಸ್ಸೆ ಮಾಡಿಸಿಕೊಟ್ಟವನು ನಾನೇ. ತೋಟದ ಪಹಣಿಯಲ್ಲಿ ಯಾರ ಹೆಸರಿಗೆ ಎಷ್ಟು ಗುಂಟೆ ಅಂತ ಬಾಯಿಪಾಠ. ಹುಡುಗಿ ಕುಮಟಾ ಕಡೆಯವಳು. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ, ಎರಡು ವರ್ಷದಿಂದ ತವರಿನಲ್ಲೇ ಇದ್ದಳು. ಇಬ್ಬರೂ ಒಟ್ಟಿಗೆ ಬಂದರು, ಒಂದೇ ಬೆಂಚಿನಲ್ಲಿ ಕೂತರು, ಚಹಾ ಕುಡಿದರು. ಇಷ್ಟು ಸಲೀಸಾದ ಕೇಸು ಸಿಗುವುದೇ ಅಪರೂಪ ಅಂದುಕೊಂಡೆ.

ಕಾನೂನು ಓದಿದರೂ ಸಲೀಸಾಗಿಯೇ ಕಾಣುತ್ತದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಲ್ಲಿ ಗಂಡ ಹೆಂಡತಿ ಸೇರಿ ಒಂದೇ ಅರ್ಜಿ ಹಾಕುತ್ತಾರೆ. ಎದುರುದಾರ ಅಂತ ಯಾರೂ ಇಲ್ಲ, ಇಬ್ಬರೂ ಅರ್ಜಿದಾರರೇ. ಅರ್ಜಿಗೆ ಮೊದಲು ಒಂದು ವರ್ಷ ಬೇರೆ ಇದ್ದಿರಬೇಕು. ಆಮೇಲೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಕೇಳಿದವರಿಗೆಲ್ಲ ಸಿಗುವುದಿಲ್ಲ. ಇಂಥ ಅರ್ಜಿಗೆ ಇಬ್ಬರ ಪರವಾಗಿ ಒಬ್ಬನೇ ವಕೀಲ ವಕಾಲತ್ತು ಹಾಕುವುದು ಉಂಟು. ತಕರಾರಿನ ಕೇಸಾದರೆ ಮಾತ್ರ ಆ ಪ್ರಶ್ನೆಯೇ ಇಲ್ಲ. ಒಬ್ಬರಿಗೆ ಸಲಹೆ ಕೊಟ್ಟವನು ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲಕೂಡದು ಅಂತ ಭಾರತೀಯ ವಕೀಲರ ಪರಿಷತ್ತಿನ 33ನೇ ನಿಯಮ ಹೇಳುತ್ತದೆ.

(ಒಪ್ಪಿಗೆ ಇದ್ದರೆ ಕೋರ್ಟು ಯಾಕೆ, ಬಾಂಡ್ ಪೇಪರಿನ ಮೇಲೆ ಸೋಡಚೀಟಿ, ಅಂದರೆ ಬಿಡುಗಡೆ ಪತ್ರ, ಬರೆದುಕೊಂಡರೆ ಸಾಲದೇ ಅಂತ ಇವತ್ತಿಗೂ ಕೇಳುವವರಿದ್ದಾರೆ. ಸಾಲದು. ಅಂಥ ರೂಢಿ ತಮ್ಮ ಸಮುದಾಯದಲ್ಲಿ ಇದೆ ಅಂತ ಸಾಬೀತು ಮಾಡಬಲ್ಲವರನ್ನು ಬಿಟ್ಟರೆ, ನೋಟರಿ ಸೀಲು ಬಿದ್ದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ.)

ಅವರಿಬ್ಬರೂ ಮಾತಾಡಿಕೊಂಡಿದ್ದು ಒಂದೇ ಗಂಟಿನಲ್ಲಿ ಎಂಟು ಲಕ್ಷ. ಅದಾದ ಮೇಲೆ ಅವಳು ಜೀವನಾಂಶ ಕೇಳುವ ಹಾಗಿಲ್ಲ. ಕರಡು ನಾನೇ ಬರೆದೆ. ಮಾರನೇ ದಿನ ಹುಡುಗ ಒಬ್ಬನೇ ಬಂದ. ಸಹಿ ಯಾವಾಗ ಅಂತ ಕೇಳಿ, ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ: "ದುಡ್ಡಿಗೆ ತೊಂದರೆ ಇಲ್ಲ ಮಾರಾಯ್ರೆ. ಎರಡು ವರ್ಷದ ಚಾಲಿ ಅಡಿಕೆ ಹಾಗೇ ಇಟ್ಟಿದ್ದೇನೆ. ದರ ಬಂದಾಗ ಕೊಡುವುದು." ನಾನೂ ನಕ್ಕೆ. ದರಕ್ಕೆ ಕಾಯದ ಅಡಿಕೆ ಬೆಳೆಗಾರ ಎಲ್ಲಿದ್ದಾನೆ?

ನಾಲ್ಕು ದಿನ ಬಿಟ್ಟು ಅವಳ ಫೋನು. "ಅಣ್ಣಾ, ಎರಡು ವರ್ಷದಿಂದ ಅಡಿಕೆಗೆ ಕೊಳೆರೋಗ, ಕೈಯಲ್ಲಿ ಏನೂ ಇಲ್ಲ, ಎಂಟಕ್ಕಿಂತ ಜಾಸ್ತಿ ಆಗುವುದಿಲ್ಲ ಅಂತಾರೆ. ನೀವು ಇಬ್ಬರ ವಕೀಲರಲ್ವಾ? ನೀವೇ ಹೇಳಿ, ಇದು ಸರಿಯಾದ ಮೊತ್ತವಾ?"

ಏನು ಹೇಳುವುದು? ಕಕ್ಷಿದಾರ ವಕೀಲನ ಹತ್ತಿರ ಆಡಿದ ಮಾತು ಗುಟ್ಟು. ಮೊದಲು ಸಾಕ್ಷ್ಯ ಕಾಯ್ದೆಯ 126ನೇ ಕಲಮಿನಲ್ಲಿತ್ತು, ಈಗಿನ ಹೊಸ ಕಾಯ್ದೆಯಲ್ಲೂ ಇದೆ. ಅವನು ನನ್ನ ಕಕ್ಷಿದಾರ. ಚಾಲಿಯ ಮಾತು ಇವಳಿಗೆ ಹೇಳುವ ಹಾಗಿಲ್ಲ. ಇವಳೂ ನನ್ನ ಕಕ್ಷಿದಾರಳೇ. ಗೊತ್ತಿದ್ದೂ "ಸರಿಯಾಗಿದೆ, ಸಹಿ ಹಾಕು" ಅಂದರೆ ಅವಳಿಗೆ ಮೋಸ. "ಇದಕ್ಕೆ ಉತ್ತರ ನನ್ನಿಂದ ಆಗುವುದಿಲ್ಲ ತಂಗಿ, ಬೇರೆ ವಕೀಲರನ್ನು ಕೇಳು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಾಗೆ ಹೇಳಿದ್ದರಿಂದಲೇ ಅವಳಿಗೆ ಅರ್ಧ ಗೊತ್ತಾಗಿಹೋಯಿತು ಅಂತ ಆಮೇಲೆ ಹೊಳೆಯಿತು. ಅಂದರೆ ಅವನಿಗೂ ನಾನು ನೆಟ್ಟಗೆ ನಡೆದುಕೊಂಡ ಹಾಗಾಗಲಿಲ್ಲ.

ಮಾರನೇ ದಿನ ಇಬ್ಬರನ್ನೂ ಕರೆದು ಕೇಸು ಬಿಟ್ಟೆ, ಫೀಸು ವಾಪಸ್ ಕೊಟ್ಟೆ. ಹುಡುಗ ಸಿಟ್ಟಾದ. "ನೀವು ನಮ್ಮ ಮನೆಯ ವಕೀಲರು. ನನ್ನ ಕೇಸಾದರೂ ಇಟ್ಟುಕೊಳ್ಳಿ." ಅದೂ ಆಗುವಂತಿರಲಿಲ್ಲ. ಅವಳಿಗೂ ಸಲಹೆ ಕೊಟ್ಟಾಗಿತ್ತಲ್ಲ. ಇಬ್ಬರೂ ಬೇರೆ ಬೇರೆ ವಕೀಲರನ್ನು ಹಿಡಿದರು, ಮಧ್ಯಸ್ಥಿಕೆಯಲ್ಲಿ ಮೊತ್ತ ಬದಲಾಯಿತು, ವಿಚ್ಛೇದನವೂ ಆಯಿತು. ಅವನ ಮನೆಯವರು ಆಮೇಲೆ ನನ್ನ ಕಚೇರಿ ಮೆಟ್ಟಿಲು ಹತ್ತಲಿಲ್ಲ.

ಮಕ್ಕಳಿಲ್ಲ, ಆಸ್ತಿ ಇಲ್ಲ, ಇಬ್ಬರಿಗೂ ಸಂಬಳ ಇದೆ, ಯಾರೂ ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ ಅಂದರೆ ಒಬ್ಬ ವಕೀಲ ಸಾಕಾಗಬಹುದು. ತೋಟ, ಬಂಗಾರ, ಮಗು, ಇವುಗಳಲ್ಲಿ ಒಂದು ಬಂತೋ, ನಾನು ಒಬ್ಬರಿಗೆ ಮಾತ್ರ. ಯಾರಿಗೆ ಅಂತ ಮೊದಲ ದಿನವೇ ಕಾಗದದಲ್ಲಿ ಬರೆದು ಇಬ್ಬರ ಸಹಿ ತೆಗೆದುಕೊಳ್ಳುತ್ತೇನೆ. ಕರಡು ಬರೆದುಕೊಡುತ್ತೇನೆ. ಇನ್ನೊಬ್ಬರು ಅದನ್ನು ತಮ್ಮ ವಕೀಲರಿಗೆ ಓದಿಸಿಕೊಂಡು ಬರಬೇಕು. ಒಂದು ದಿನದ ಫೀಸು, ಅಷ್ಟೇ. ದುಡ್ಡಿಲ್ಲ ಅನ್ನುವ ಹೆಣ್ಣುಮಕ್ಕಳನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸುತ್ತೇನೆ. 1987ರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಇದರಿಂದ ಕೇಸು ಕೆಡುತ್ತದೆ ಅನ್ನುತ್ತಾರೆ ಗಂಡಸರು. ನನ್ನ ಅನುಭವ ಉಲ್ಟಾ. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು, ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅರ್ಥವಾಗದೆ ಸಹಿ ಹಾಕಿದವರೇ ಆರನೇ ತಿಂಗಳಲ್ಲಿ ತಿರುಗಿ ಬೀಳುವುದು.

ಮೊನ್ನೆ ಸಿದ್ದಾಪುರ ಕಡೆಯ ಜೋಡಿ ಬಂದಿತ್ತು. ಇದೆಲ್ಲ ಹೇಳಿದೆ. ಹೆಂಡತಿ ಕರಡು ಹಿಡಿದು ಬೇರೆ ವಕೀಲರ ಹತ್ತಿರ ಹೊರಟಳು. ಗಂಡ ಕೂತೇ ಇದ್ದ.

"ಅಲ್ಲಿ ಅವಳು ಏನು ಕೇಳುತ್ತಾಳೆ ಅಂತ ನಮಗೆ ಗೊತ್ತಾಗುತ್ತಾ?"

"ಇಲ್ಲ" ಅಂದೆ.